ಸೊಂಟಕ್ಕೊಂದು ಆಭರಣ: ಟೆಕ್ಸಸ್‌ನ ‘ಬಾರ್ಬೆಕ್ಯೂ ಗನ್’ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಟೆಕ್ಸಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಫೋರ್ಟ್‌ವರ್ತ್ ಸಮೀಪದ ಒಂದು ರ‍್ಯಾಂಚ್‌ನಲ್ಲಿ ನಮ್ಮನ್ನು ಊಟಕ್ಕೆ ಕರೆದಿದ್ದರು. ಮನೆಯ ಯಜಮಾನರು ಗರಿಗರಿಯಾದ ಬಿಳಿ ಅಂಗಿ ತೊಟ್ಟು, ಹೂಬಳ್ಳಿ ಕೆತ್ತಿದ ಚರ್ಮದ ನಡುಪಟ್ಟಿಯಲ್ಲಿ ಬೆಳ್ಳಿಯಂತೆ ಹೊಳೆಯುವ ರಿವಾಲ್ವರ್ ಇಳಿಬಿಟ್ಟುಕೊಂಡು ಬಡಿಸುತ್ತಿದ್ದರು. ಕರೆದು ಊಟ ಹಾಕುವವರಿಗೆ ಆಯುಧವೇಕೆ? (ಬೆಂಗಳೂರಿನ ಓದುಗರು)

ಉತ್ತರ: ನೀವು ಕಂಡದ್ದನ್ನು ಅಲ್ಲಿಯವರು ‘ಬಾರ್ಬೆಕ್ಯೂ ಗನ್’ ಎನ್ನುತ್ತಾರೆ. ನಮ್ಮಲ್ಲಿ ಮದುವೆಯ ದಿನ ಪೆಟ್ಟಿಗೆಯಿಂದ ಜರಿಪೇಟ ಹೊರಬರುವ ಹಾಗೆ, ಕೆಂಡದ ಮೇಲೆ ಮಾಂಸ ಬೇಯಿಸಿ ನೆಂಟರಿಷ್ಟರನ್ನು ಕರೆಯುವ ದಿನ ಅಲ್ಲಿ ಇದು ಹೊರಬರುತ್ತದೆ. ದಿನಬಳಕೆಯ ಪಿಸ್ತೂಲು ಬೇರೆಯೇ ಇರುತ್ತದೆ. ಹೆಚ್ಚಿನವರು ಇದಕ್ಕೆ ಆರಿಸುವುದು, ಕೋಲ್ಟ್ ಕಂಪನಿಯ ಸಿಂಗಲ್ ಆಕ್ಷನ್ ಆರ್ಮಿ ಎಂಬ, 1873ರಲ್ಲಿ ಅಮೆರಿಕದ ಸೇನೆ ಸ್ವೀಕರಿಸಿದ ರಿವಾಲ್ವರನ್ನು ಅಥವಾ ಅದೇ ಅಚ್ಚಿನ ಹೊಸ ತಯಾರಿಕೆಯನ್ನು. ಇದರ ನಳಿಗೆ 4¾, 5½ ಮತ್ತು 7½ ಅಂಗುಲಗಳಲ್ಲಿ ಬರುತ್ತದೆ. ಊಟಕ್ಕೆ ಕೂರುವಾಗ ಕುರ್ಚಿಗೆ ತಾಗದ 4¾ ಅಂಗುಲದ್ದೇ ಸಭೆಗೆ ಲಕ್ಷಣವೆಂದು ನನ್ನ ಅಭಿಪ್ರಾಯ. ಟೆಕ್ಸಸ್ ರೇಂಜರ್ ಪೊಲೀಸರಲ್ಲಿ ಕೆತ್ತನೆ ಮಾಡಿಸಿದ 1911 ಮಾದರಿಯ ಪಿಸ್ತೂಲಿಗೂ ಇಂಥದೇ ಗೌರವವಿದೆ.

ಸ್ವಾರಸ್ಯವೆಂದರೆ, ಇದೇ ಟೆಕ್ಸಸ್ 1870ರಲ್ಲಿ ಮಾಡಿದ ಒಂದು ಕಾನೂನು ಚರ್ಚು, ಶಾಲೆ, ನೃತ್ಯಶಾಲೆ, ಹಾಗೂ ಸ್ತ್ರೀಪುರುಷರು ಸೇರುವ ಸಂತೋಷಕೂಟಗಳಿಗೆ ಬಂದೂಕು, ಕಠಾರಿಗಳನ್ನು ಒಯ್ಯುವುದನ್ನೇ ನಿಷೇಧಿಸಿತ್ತು. ಮರುವರ್ಷದ ಕಾನೂನು ಇನ್ನಷ್ಟು ಬಿಗಿಯಾಗಿ, ಸಾರ್ವಜನಿಕವಾಗಿ ಪಿಸ್ತೂಲು ಧರಿಸುವುದನ್ನೇ ಬಹುಮಟ್ಟಿಗೆ ತಡೆದು, ಸ್ವಂತ ಜಮೀನಿನಲ್ಲಿರುವವರು, ಪ್ರಯಾಣಿಕರು, ಪೊಲೀಸ್ ಅಧಿಕಾರಿಗಳು ಮುಂತಾದ ಕೆಲವರಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಅಲಂಕಾರದ ರಿವಾಲ್ವರ್ ಶೆರಿಫ್, ರೇಂಜರ್ ಮತ್ತು ರ‍್ಯಾಂಚ್ ಒಡೆಯರ ಗುರುತಾಗಿ ಬೆಳೆದದ್ದರ ಹಿಂದೆ ಈ ಕಾನೂನಿನ ನೆರಳಿದೆ ಎಂದು ನಾನು ತಿಳಿದಿದ್ದೇನೆ. ಎಲ್ಲರೂ ಧರಿಸಲಾಗದ್ದನ್ನು ಧರಿಸುವವನು ಅದನ್ನು ಚೆಂದ ಮಾಡಿಸಿಕೊಳ್ಳದೆ ಇರುತ್ತಾನೆಯೇ? ಪರವಾನಗಿ ಪಡೆದ ಸಾಮಾನ್ಯರು ಎದ್ದುಕಾಣುವಂತೆ ಧರಿಸಲು ಅನುಮತಿ ಸಿಕ್ಕಿದ್ದು 2016ರ ಜನವರಿ 1ರಿಂದ. ಅರ್ಹರಾದ ವಯಸ್ಕರಿಗೆ ಪರವಾನಗಿಯೂ ಬೇಡವೆಂದಾದದ್ದು 2021ರ ಸೆಪ್ಟೆಂಬರ್ 1ರಿಂದ. ಹಾಗೆ ಎದ್ದುಕಾಣುವ ಪಿಸ್ತೂಲು ಅದರ ಒರೆಯಲ್ಲಿ, ಎಂದರೆ ಹೋಲ್‌ಸ್ಟರ್‌ನಲ್ಲಿಯೇ ಇರಬೇಕೆಂಬ ಷರತ್ತು ಇಂದಿಗೂ ಇದೆ. ಆದ್ದರಿಂದ ಚರ್ಮದ ಕೆಲಸ ಅಲ್ಲಿ ಬರಿಯ ಶೋಕಿಯಲ್ಲ.

ಪ್ರಶ್ನೆ: ನಾನು ಡಾಲಸ್‌ನಲ್ಲಿ ಎಚ್‌-1ಬಿ ವೀಸಾದ ಮೇಲೆ ಕೆಲಸದಲ್ಲಿದ್ದೇನೆ. ಸಹೋದ್ಯೋಗಿಯೊಬ್ಬರು ತಮ್ಮ ಮನೆಯ ಸಮಾರಂಭಕ್ಕೆ ‘ನೀನೂ ಒಂದು ಕಟ್ಟಿಕೊಂಡು ಬಾ’ ಎಂದು ಒತ್ತಾಯಿಸುತ್ತಿದ್ದಾರೆ. ಕಟ್ಟಿಕೊಳ್ಳಬಹುದೇ?

ಉತ್ತರ: ಬೇಡ. ರಾಜ್ಯದ ಕಾನೂನು ಎಷ್ಟೇ ಸಡಿಲವಾಗಿರಲಿ, 1998ರಿಂದ ಜಾರಿಯಲ್ಲಿರುವ ಒಕ್ಕೂಟ ಸರ್ಕಾರದ ನಿಯಮದಂತೆ, ವಲಸೆಯೇತರ ವೀಸಾದ (ನಿಮ್ಮದೂ ಅಂಥದೇ) ಮೇಲೆ ಬಂದವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಹೊಂದುವುದು ಅಪರಾಧ. ಅಮೆರಿಕದ ಯಾವುದಾದರೂ ರಾಜ್ಯದ, ಅವಧಿ ಮೀರದ ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಆದರೆ ಒಂದು ಸಂಜೆಯ ಶೃಂಗಾರಕ್ಕಾಗಿ ವೀಸಾವನ್ನು ಪಣಕ್ಕಿಡುವ ಮುನ್ನ ವಕೀಲರೊಬ್ಬರ ಬಳಿ ಮಾತನಾಡಿ. ಗೆಳೆಯರದ್ದನ್ನು ‘ಐದು ನಿಮಿಷಕ್ಕೆ’ ಕಟ್ಟಿಕೊಳ್ಳುವುದೂ ಈ ಲೆಕ್ಕದಿಂದ ಹೊರಗಿದೆ ಎಂದುಕೊಳ್ಳಬೇಡಿ. ಹೂಬಳ್ಳಿ ಕೆತ್ತಿದ ನಡುಪಟ್ಟಿಯನ್ನಷ್ಟೇ ಕಟ್ಟಿ, ಬೆಳ್ಳಿಯ ಬಕಲ್ ಹಾಕಿಕೊಂಡು ಹೋದರೆ ಆತಿಥೇಯರು ಮೆಚ್ಚುತ್ತಾರೆಯೇ ಹೊರತು ಯಾರೂ ಆಕ್ಷೇಪಿಸುವುದಿಲ್ಲ.

ಪ್ರಶ್ನೆ: ನಾನು ಹವ್ಯಾಸಕ್ಕಾಗಿ ಚರ್ಮದ ಚೀಲಗಳನ್ನು ಹೊಲಿಯುತ್ತೇನೆ. ಈ ಹೋಲ್‌ಸ್ಟರ್‌ಗಳ ಮೇಲಿನ ಹೂಗಳು ಉಬ್ಬಿ ನಿಂತಿರುವುದು ಹೇಗೆ? ಅಚ್ಚು ಒತ್ತುತ್ತಾರೆಯೇ, ಕೆತ್ತುತ್ತಾರೆಯೇ? (ಧಾರವಾಡದ ಓದುಗರು)

ಉತ್ತರ: ಎರಡೂ ಅಹುದು. ಆದರೆ ಮೊದಲ ಮಾತು ಚರ್ಮದ್ದು. ಕ್ರೋಮ್ ಹದದ ಮೆತ್ತನೆಯ ಚರ್ಮ ಇದಕ್ಕೆ ಬಾರದು. ನಮ್ಮ ಕಡೆ ತಂಗಡಿ ತೊಗಟೆಯಲ್ಲಿ ಹದ ಮಾಡುತ್ತಿದ್ದಂತೆ, ಮರದ ತೊಗಟೆಯ ಒಗರಿನಲ್ಲಿ ಹದಗೊಂಡ ದಪ್ಪ ಚರ್ಮವೇ ಬೇಕು. ಅದನ್ನು ನೀರಿನಿಂದ ಒದ್ದೆ ಮಾಡಿ, ಮೇಲ್ಮೈಯ ಬಣ್ಣ ಮತ್ತೆ ತಿಳಿಯಾಗತೊಡಗುವವರೆಗೆ ಕಾಯಬೇಕು. ಮುಟ್ಟಿದರೆ ತಂಪು, ಒತ್ತಿದರೆ ಜೇಡಿಮಣ್ಣಿನಂತೆ ಗುರುತು ಹಿಡಿಯಬೇಕು. ನೀರು ಜಿನುಗಿದರೆ ಇನ್ನೂ ಹೊತ್ತಾಗಿಲ್ಲವೆಂದೇ ಅರ್ಥ. ಆಗ, ತೋರುಬೆರಳು ತಲೆಯ ಮೇಲೆ ಕುಳಿತು ಉಳಿದ ಬೆರಳುಗಳು ಕಾಂಡವನ್ನು ಹೊರಳಿಸುವಂತಿರುವ ಒಂದು ಗಿಡ್ಡ ಚಾಕುವಿನಿಂದ ಬಳ್ಳಿಯ ರೇಖೆಗಳನ್ನು, ಚರ್ಮದ ದಪ್ಪದ ಮೂರನೆಯ ಒಂದು ಭಾಗ ಇಳಿಯುವಷ್ಟೇ, ಕೊಯ್ಯುತ್ತಾರೆ. ಚರ್ಮವನ್ನು ಎಲ್ಲಿಯೂ ತೆಗೆದುಹಾಕುವುದಿಲ್ಲ. ಕೊಯ್ದ ಗೆರೆಯ ಹೊರಬದಿಯನ್ನು ಓರೆ ಮುಖದ ಉಕ್ಕಿನ ಅಚ್ಚಿನಿಂದ, ಕೊಡತಿಯಲ್ಲಿ ಸಣ್ಣಗೆ ಬಡಿಯುತ್ತ ಸಾಲಾಗಿ ತಗ್ಗಿಸಿದಾಗ, ಒಳಗಿನ ಎಸಳು ತಾನಾಗಿಯೇ ಮೇಲೆದ್ದಂತೆ ಕಾಣುತ್ತದೆ. ಹಿನ್ನೆಲೆಯನ್ನು ಚುಕ್ಕೆಯ ಅಚ್ಚಿನಿಂದ ಇನ್ನಷ್ಟು ಕೆಳಗಿಳಿಸಿ ಕಪ್ಪುಬಣ್ಣ ಹಚ್ಚಿದರೆ ಹೂವಿಗೆ ಜೀವ ಬರುತ್ತದೆ. ಕೊನೆಗೆ ಅದೇ ಚಾಕುವಿನಿಂದ ಎಸಳುಗಳ ಮೇಲೆ ಎಳೆಯುವ ಬಾಗುಗೆರೆಗಳಲ್ಲೇ ಕೈಯ ಪಳಗು ಗೊತ್ತಾಗುವುದು, ಏಕೆಂದರೆ ಅಲ್ಲಿ ತಿದ್ದಲು ಅವಕಾಶವಿಲ್ಲ.

ಎಲ್ಲಕ್ಕಿಂತ ನಯವಾದ ಶೈಲಿ ವಯೋಮಿಂಗ್‌ನ ಶೆರಿಡನ್ ಊರಿನದು. ಅಲ್ಲಿಯ ಜೀನುಗಾರ ಡಾನ್ ಕಿಂಗ್, ದೊಡ್ಡ ಹೂಗಳನ್ನು ಬಿಟ್ಟು, ಸುತ್ತಿ ಸುತ್ತಿ ಹಬ್ಬುವ ಬಳ್ಳಿಯ ಸುರುಳಿಗಳೊಳಗೆ ಸಣ್ಣ ಹೂಗಳನ್ನು ತುಂಬುವ ಪದ್ಧತಿಯನ್ನು ಬೆಳೆಸಿದರು. 1991ರಲ್ಲಿ ಅವರಿಗೆ ರಾಷ್ಟ್ರೀಯ ಪಾರಂಪರಿಕ ಕಲಾ ಗೌರವವೂ ಸಂದಿತು. ಹೋಲ್‌ಸ್ಟರಿನಂಥ ಕಿರಿದಾದ ಜಾಗಕ್ಕೆ ಈ ಸಣ್ಣ ಹೂವೇ ಸರಿ. ಆಕಾರದ ಮಾತಿಗೆ ಬಂದರೆ, ಹಳೆಯ ಮೆಕ್ಸಿಕನ್ ಮಾದರಿಯಲ್ಲಿ ಒಂದೇ ಚರ್ಮವನ್ನು ಹಿಂದಕ್ಕೆ ಮಡಿಸಿ, ಆ ಮಡಿಕೆಯಲ್ಲಿ ಸೀಳಿದ ಪಟ್ಟಿಗಳ ನಡುವೆ ಚೀಲವನ್ನು ತೂರಿಸುತ್ತಾರೆ. ನಡುಪಟ್ಟಿಯನ್ನೇ ಸೀಳಿ ತೊಡೆಯವರೆಗೆ ಇಳಿಬಿಡುವ ‘ಬಸ್ಕಡೆರೊ’ ಮಾದರಿ, ತೆರೆಯ ಮೇಲೆ ಎಷ್ಟೇ ಕಂಡಿದ್ದರೂ, 20ನೆಯ ಶತಮಾನದ್ದು. ಸ್ವೀಡನ್‌ನಿಂದ ಬಂದು ಹಾಲಿವುಡ್‌ನಲ್ಲಿ ಅಂಗಡಿಯಿಟ್ಟ ಎಡ್ವರ್ಡ್ ಬೋಲಿನ್ ಬೆಳ್ಳಿ ಸುರಿದು ಮಾಡಿದ ನಡುಪಟ್ಟಿಗಳು ಆ ಲೋಕದವು. ಅವು ನೋಡಲು ಬೆರಗು; ನಿಜವಾದ ಔತಣದಲ್ಲಿ ಮಾತ್ರ ನಾಟಕದ ಕಿರೀಟವಿಟ್ಟು ಪಂಕ್ತಿಗೆ ಕೂತಂತೆ ಕಾಣುತ್ತವೆ. ಟೆಕ್ಸಸ್ ರೇಂಜರರ ರೂಢಿ ಇದಕ್ಕಿಂತ ಹಿತವಾದದ್ದು: ಅಗಲ ಪಟ್ಟಿಯ ಮುಂತುದಿಗೆ ಕಿರಿದಾದ ಪಟ್ಟಿ, ಅದಕ್ಕೆ ಬೆಳ್ಳಿಯ ಬಕಲ್, ಅದರ ಬಳೆಗಳು ಮತ್ತು ತುದಿಯ ಕುಪ್ಪಿಗೆ. ಅಷ್ಟೆ.

ಪ್ರಶ್ನೆ: ಎರಡನೆಯ ಮಹಾಯುದ್ಧದ ಅಮೆರಿಕನ್ ಸೇನಾನಿ ಜನರಲ್ ಪ್ಯಾಟನ್ ಅವರ ರಿವಾಲ್ವರಿನ ಹಿಡಿ ಮುತ್ತಿನ ಚಿಪ್ಪಿನದೆಂದು ಕೇಳಿದ್ದೇನೆ. ನಿಜವೇ?

ಉತ್ತರ: ಅಲ್ಲ, ದಂತದ್ದು. ಹಾಗೆ ಕೇಳಿದವರ ಮೇಲೆ ಅವರು ರೇಗುತ್ತಿದ್ದುದೂ ಪ್ರಸಿದ್ಧವೇ. 1916ರಲ್ಲಿ ಎಲ್ ಪಾಸೊದಲ್ಲಿ ಕೊಂಡ ಆ .45 ಕೋಲ್ಟ್‌ಗೆ 4¾ ಅಂಗುಲದ ನಳಿಗೆ, ಮೈತುಂಬ ಕೆತ್ತನೆ, ಬೆಳ್ಳಿಯ ಲೇಪ, ಹಿಡಿಯಲ್ಲಿ ಹೆಸರಿನ ಮೊದಲಕ್ಷರಗಳು. ಅದೇ ವರ್ಷದ ಮೇ ತಿಂಗಳಲ್ಲಿ ಮೆಕ್ಸಿಕೊದ ಚಕಮಕಿಯಲ್ಲಿ ಅದನ್ನು ಬಳಸಿಯೂ ಆಗಿತ್ತು. ಇಂದು ದಂತದ ಹಿಡಿಗೆ ಆಸೆಪಡುವವರು, ಆಫ್ರಿಕಾದ ಆನೆದಂತದ ವ್ಯಾಪಾರವನ್ನು ಅಮೆರಿಕ 2016ರ ಜುಲೈನಿಂದ ಹೆಚ್ಚುಕಡಿಮೆ ಪೂರ್ಣವಾಗಿ ನಿಲ್ಲಿಸಿರುವುದನ್ನು ನೆನಪಿಡಬೇಕು. ಅದನ್ನು ಭಾರತಕ್ಕೆ ತರುವ ಯೋಚನೆಯನ್ನಂತೂ ಮಾಡಬೇಡಿ. ಜಿಂಕೆಯ ಕೊಂಬು, ಮೂಳೆ ಅಥವಾ ಒಳ್ಳೆಯ ವಾಲ್‌ನಟ್ ಮರ ಸಾಕು.

ಪ್ರಶ್ನೆ: ನಮ್ಮ ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ ಪೀಚೆಕತ್ತಿಯ ಹಾಗೆಯೇ ಇದೂ ಎನ್ನಬಹುದಲ್ಲವೇ? (ವಿರಾಜಪೇಟೆಯ ಓದುಗರು)

ಉತ್ತರ: ಎನ್ನಬಹುದು. ಕುಪ್ಯ ಎಂಬ ನಿಲುವಂಗಿ ತೊಟ್ಟು, ಚೇಲೆ ಎಂಬ ನಡುವಸ್ತ್ರ ಬಿಗಿದು, ಮುಂದೆ ಪೀಚೆಕತ್ತಿ ಸಿಕ್ಕಿಸಿಕೊಂಡ ಮದುಮಗನನ್ನು ಕಂಡು ಯಾರೂ ಹೆದರುವುದಿಲ್ಲ. ಬೆನ್ನ ಹಿಂದೆ ಒಡಿಕತ್ತಿಯನ್ನು ಹಿಡಿದಿಡುವ ಹಿತ್ತಾಳೆಯ ತೊಡಂಗ್ ಕೂಡ ಒಂದು ಬಗೆಯ ಹೋಲ್‌ಸ್ಟರೇ. ಕೈಲ್‌ಪೋದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಗೆ ತೋಕ್ ಪೂವನ್ನು ಸಿಕ್ಕಿಸಿ ಪೂಜೆಗಿಡುವುದರಲ್ಲಿ ಆಯುಧವನ್ನು ಒಂದು ದಿನದ ಮಟ್ಟಿಗೆ ಮನೆಯ ಸದಸ್ಯನಂತೆ ಕಾಣುವ ಭಾವವಿದೆ. ಟೆಕ್ಸಸ್‌ನಲ್ಲಿ ಅಂಥ ಪೂಜೆಯಿಲ್ಲ, ಅಪ್ಪನದು ಮಗನಿಗೆ ಬರುವ ಪರಿಪಾಠ ಮಾತ್ರ ಇದೆ. ಕೊಡವರಿಗೂ ಕೊಡಗಿನ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿರುವುದು ನಿಮಗೆ ತಿಳಿದೇ ಇದೆ.

ಮತ್ತೆ ಟೆಕ್ಸಸ್‌ಗೆ ಬಂದರೆ, ಔತಣದಲ್ಲಿ ಆ ರಿವಾಲ್ವರನ್ನು ಹೊರತೆಗೆದು ಕೈಯಿಂದ ಕೈಗೆ ದಾಟಿಸುವುದು ಅಲ್ಲಿ ಅಸಭ್ಯತೆ. ನೋಡಬೇಕೆಂದು ಯಾರಾದರೂ ಕೇಳಿದರೆ ಒಡೆಯರು ಪಕ್ಕಕ್ಕೆ ಹೋಗಿ, ತೋಟಾಗಳನ್ನೆಲ್ಲ ಇಳಿಸಿ, ಸಿಲಿಂಡರನ್ನು ತಿರುಗಿಸಿ ಖಾಲಿಯೆಂದು ತೋರಿಸಿ ಕೊಡುತ್ತಾರೆ. ಹಳೆಯ ಕೋಲ್ಟ್‌ನಲ್ಲಿ ಆರು ಗೂಡುಗಳಿದ್ದರೂ ಐದಕ್ಕೇ ತೋಟಾ ತುಂಬಿ, ಖಾಲಿ ಗೂಡಿನ ಮೇಲೆ, ತೋಟಾಕ್ಕೆ ಬಡಿಯುವ ಹ್ಯಾಮರನ್ನು ಕೂರಿಸುತ್ತಾರೆ; ನೆಲಕ್ಕೆ ಬಿದ್ದ ಪೆಟ್ಟಿಗೇ ಗುಂಡು ಹಾರುವ ಅಪಾಯ ಅದರಲ್ಲಿದೆ. ಟ್ರಿಗರ್ ಎಳೆದಾಗ ಮಾತ್ರ ಹ್ಯಾಮರಿನ ಪೆಟ್ಟನ್ನು ತೋಟಾಕ್ಕೆ ದಾಟಿಸುವ ಪಟ್ಟಿಯನ್ನು ರೂಗರ್ ಕಂಪನಿಯು 1973ರಿಂದ ತನ್ನ ಸಿಂಗಲ್ ಆಕ್ಷನ್ ರಿವಾಲ್ವರ್‌ಗಳಲ್ಲಿ ಅಳವಡಿಸಿದೆ. ಸಮಾರಂಭ ಮುಗಿದ ರಾತ್ರಿ ಮಾಡಬೇಕಾದ ಕೆಲಸವೂ ಒಂದಿದೆ. ಹೋಲ್‌ಸ್ಟರ್ ಎಷ್ಟೇ ಚೆಂದವಿರಲಿ, ರಿವಾಲ್ವರನ್ನು ಅದರೊಳಗೇ ಬಿಟ್ಟು ಬೀರುವಿನಲ್ಲಿಡಬಾರದು. ತೊಗಟೆಯ ಹದದ ಚರ್ಮ ಗಾಳಿಯ ತೇವವನ್ನು ಹೀರಿ ಹಿಡಿದಿಡುತ್ತದೆ, ಒಳಗಿನ ಒಗರು ಸೇರಿ, ಕೆಲವೇ ವಾರಗಳಲ್ಲಿ ಕೆತ್ತನೆಯ ಗೆರೆಗಳೊಳಗೆ ತುಕ್ಕು ಕೂರುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಕತ್ತಿಗೆ ಎಣ್ಣೆ ಸವರಿ ಒರೆಯ ಹೊರಗೆ ಬೇರೆ ಬಟ್ಟೆಯಲ್ಲಿ ಸುತ್ತಿಡುವ ಮನೆಗಳವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.