ಬರೀ ಗಂಜಿ ಸಾಲದು, ಮಗನಿಗೆ ಹೊಟ್ಟೆ ತುಂಬ ಊಟ ಕೊಡಿ

ಚನ್ನಗಿರಿ ಕಡೆಯ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅವರ ಮಗನಿಗೆ ಈಗ 26 ವರ್ಷ. ಹೈಸ್ಕೂಲಿಗೆ ಹೋಗುವಾಗಿನಿಂದಲೂ ಆಗಾಗ ಹೊಟ್ಟೆ ನೋವು. ಗ್ಯಾಸ್ಟ್ರಿಕ್ ಅಂತ ಎಲ್ಲರೂ ಅಂದರು, ಮಾತ್ರೆ ನುಂಗಿಸಿದರು, ವರ್ಷಗಳು ಕಳೆದವು. ಈಚೆಗೆ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಮೇದೋಜೀರಕ ಗ್ರಂಥಿಯಲ್ಲಿ ಕಲ್ಲುಗಳು ಕಂಡವು. ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್, ಅಂದರೆ ಆ ಗ್ರಂಥಿಯ ಹಳೆಯ ಉರಿಯೂತ, ಅಂದರು ಡಾಕ್ಟರು. ಹುಡುಗ ಹೆಂಡದ ವಾಸನೆಯನ್ನೂ ನೋಡಿದವನಲ್ಲ, ಆದರೂ ನೆಂಟರು "ಕುಡಿಯದೆ ಈ ಕಾಯಿಲೆ ಬರುತ್ತಾ?" ಅಂತ ಕೇಳುತ್ತಿದ್ದಾರಂತೆ. ತಾಯಿ ಹೆದರಿ ಎಣ್ಣೆ, ತುಪ್ಪ, ಬೇಳೆ ಎಲ್ಲ ನಿಲ್ಲಿಸಿ ಗಂಜಿ, ಮಜ್ಜಿಗೆ ಅನ್ನ ಅಷ್ಟೇ ಕೊಡುತ್ತಿದ್ದಾರೆ. ಮಗ ಸೊರಗುತ್ತಲೇ ಇದ್ದಾನೆ. "ಇದು ಕ್ಯಾನ್ಸರಾ? ವಾಸಿ ಆಗುತ್ತಾ? ಏನು ತಿನ್ನಿಸಲಿ? ಮದುವೆ ಮಾಡಬಹುದಾ?" ಇವು ಅವರ ಪ್ರಶ್ನೆಗಳು.

ಅಮ್ಮಾ,

ನಾನು ಡಾಕ್ಟರ್ ಅಲ್ಲ. ನಿಮ್ಮ ಮಗನ ಔಷಧಿ ಬದಲಿಸುವ ಮಾತು ಏನಿದ್ದರೂ ಅವನನ್ನು ನೋಡುತ್ತಿರುವವರ ಜೊತೆಯೇ ಆಗಬೇಕು. ಆದರೆ ನಿಮ್ಮ ಪತ್ರದಲ್ಲಿ ಎರಡು ವಿಷಯ ಓದಿ ಸುಮ್ಮನಿರಲು ಆಗಲಿಲ್ಲ. ಒಂದು ಆ ಗಂಜಿ. ಇನ್ನೊಂದು ನೀವು ಕೊನೆಯ ಪುಟದಲ್ಲಿ ಬರೆದ ಸಾಲು: "ಡಾಕ್ಟರು ದೊಡ್ಡ ಕ್ಯಾಪ್ಸೂಲ್ ಕೊಟ್ಟಿದ್ದಾರೆ, ಬೆಳಿಗ್ಗೆ ಎದ್ದ ತಕ್ಷಣ ಗ್ಯಾಸ್ಟ್ರಿಕ್ ಮಾತ್ರೆ ಜೊತೆಗೇ ನುಂಗುತ್ತಾನೆ, ಏನೂ ಗುಣ ಕಂಡಿಲ್ಲ." ಅದಕ್ಕೆ ಬರುತ್ತೇನೆ. ಮೊದಲು ಕಾಯಿಲೆ ಏನು ಅಂತ ತಿಳಿದರೆ ಮುಂದಿನದು ಸುಲಭ.

ಈ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡವಾಗಿ ಮಲಗಿದೆ. ಹೆಚ್ಚು ಕಡಿಮೆ ಒಂದು ಗೇಣು ಉದ್ದ. ಅದಕ್ಕೇ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹೊಡೆಯುತ್ತದೆ. ನಿಮ್ಮ ಮಗ ನೋವು ಬಂದಾಗ ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗಿ ಕೂರುತ್ತಾನೆ ಅಂದಿರಲ್ಲ, ಈ ಕಾಯಿಲೆಯವರು ಬಹಳ ಜನ ಹಾಗೇ ಕೂರುತ್ತಾರೆ. ಗ್ರಂಥಿಗೆ ಎರಡು ಕೆಲಸ. ತಿಂದದ್ದನ್ನು, ಅದರಲ್ಲೂ ಕೊಬ್ಬನ್ನು, ಅರಗಿಸುವ ರಸವನ್ನು ಕರುಳಿಗೆ ಬಿಡುವುದು ಒಂದು. ಇನ್ಸುಲಿನ್ ತಯಾರಿಸಿ ರಕ್ತಕ್ಕೆ ಕೊಡುವುದು ಇನ್ನೊಂದು. ಉರಿಯೂತ ವರ್ಷಗಟ್ಟಲೆ ಉಳಿದರೆ ಮೆತ್ತಗಿನ ಗ್ರಂಥಿ ನಾರುಗಟ್ಟುತ್ತದೆ, ರಸ ಹರಿಯುವ ನಾಳದಲ್ಲಿ ಸುಣ್ಣದ ಕಲ್ಲು ಕೂರುತ್ತದೆ. ನಿಮ್ಮ ಕಡೆ ನಾಲೆಯ ತೂಬಿನಲ್ಲಿ ಹೂಳು ಕಟ್ಟಿದರೆ ನೀರು ಮುಂದೆ ಹೋಗದೆ ಹಿಂದಕ್ಕೆ ಒತ್ತುತ್ತದಲ್ಲ, ಹಾಗೆ ನಾಳ ಹಿಗ್ಗುತ್ತದೆ. ನೋವಿಗೆ ಅದೊಂದು ಕಾರಣ, ಸುತ್ತಲಿನ ನರಗಳೇ ಕೆಡುವುದು ಇನ್ನೊಂದು.

ನಾರುಗಟ್ಟಿದ ಭಾಗ ಮತ್ತೆ ಮೊದಲಿನಂತೆ ಆಗುವುದಿಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. "ಪೂರ್ತಿ ವಾಸಿ ಮಾಡ್ತೀನಿ" ಅಂತ ಯಾರಾದರೂ ಪುಡಿ, ಭಸ್ಮ ಕೊಡಲು ಬಂದರೆ ದಯವಿಟ್ಟು ದುಡ್ಡು ಕಳೆದುಕೊಳ್ಳಬೇಡಿ. ಆದರೆ ವಾಸಿ ಆಗದ ಕಾಯಿಲೆ ಅಂದರೆ ಬದುಕೇ ಮುಗಿಯಿತು ಅಂತ ಅರ್ಥ ಅಲ್ಲ. ಸಕ್ಕರೆ ಕಾಯಿಲೆಯೂ ವಾಸಿ ಆಗುವುದಿಲ್ಲ, ಜನ ಬದುಕುತ್ತಿಲ್ವಾ?

ರಕ್ತ ಪರೀಕ್ಷೆ ನಾರ್ಮಲ್ ಬಂದಿತ್ತಲ್ಲ ಅಂತ ಕೇಳಿದ್ದೀರಿ. ಅಮೈಲೇಸ್, ಲೈಪೇಸ್ (ಈ ಗ್ರಂಥಿಯ ರಸದಲ್ಲಿರುವ, ಊಟ ಅರಗಿಸುವ ಎನ್‌ಜೈಮ್‌ಗಳು) ರಕ್ತದಲ್ಲಿ ಏರುವುದು ಉರಿಯೂತ ಹಠಾತ್ತಾಗಿ ಬಂದಾಗ. ಹಳೆಯದಾದ ಕಾಯಿಲೆಯಲ್ಲಿ ಅವು ಎಷ್ಟೋ ಸಲ ಸರಿಯಾಗೇ ಇರುತ್ತವೆ. ಅದನ್ನು ನೋಡಿ "ಏನೂ ಇಲ್ಲ, ಗ್ಯಾಸ್ಟ್ರಿಕ್" ಅಂತ ಮನೆಗೆ ಕಳಿಸಿದವರು ಒಂದು ಸ್ಕ್ಯಾನ್ ಬರೆದುಕೊಡಬೇಕಿತ್ತು. ಹದಿಹರೆಯದ ಮಕ್ಕಳ ಹೊಟ್ಟೆ ನೋವು ಮತ್ತೆ ಮತ್ತೆ ಬಂದು ಬೆನ್ನಿಗೂ ಹೋಗುತ್ತಿದ್ದರೆ, ಇದನ್ನು ಓದುತ್ತಿರುವ ಬೇರೆ ಅಪ್ಪ ಅಮ್ಮಂದಿರೂ ಕೇಳಿ, ಬರೀ ಗ್ಯಾಸ್ಟ್ರಿಕ್ ಮಾತ್ರೆಯಲ್ಲಿ ವರ್ಷ ಕಳೆಯಬೇಡಿ.

ಇನ್ನು ನೆಂಟರ ಮಾತು. ಹೆಂಡ ಈ ಕಾಯಿಲೆಗೆ ದೊಡ್ಡ ಕಾರಣ, ನಿಜ. ಆದರೆ ನಮ್ಮ ದಕ್ಷಿಣ ಭಾರತದಲ್ಲಿ ಕುಡಿಯದ, ಚಿಕ್ಕ ವಯಸ್ಸಿನ ಹುಡುಗ ಹುಡುಗಿಯರಿಗೆ ಬರುವ ಬಗೆ ಒಂದಿದೆ. ವೈದ್ಯರು ಅದನ್ನು ಟ್ರಾಪಿಕಲ್ ಪ್ಯಾಂಕ್ರಿಯಾಟೈಟಿಸ್ ಅಂತಲೇ ಕರೆಯುತ್ತಾ ಬಂದಿದ್ದಾರೆ. ಕೇರಳದಲ್ಲಿ ಡಾ. ಗೀವರ್ಗೀಸ್ 1960ರ ದಶಕದಲ್ಲೇ ಇಂಥ ರೋಗಿಗಳ ಬಗ್ಗೆ ವಿವರವಾಗಿ ಬರೆದರು. ಬಡವರು ಜಾಸ್ತಿ ಮರಗೆಣಸು ತಿನ್ನುತ್ತಿದ್ದರಿಂದ ಬಂತೇನೋ ಅನ್ನುವ ಅನುಮಾನ ಬಹಳ ಕಾಲ ಇತ್ತು. ಅದು ಸಾಬೀತಾಗಲಿಲ್ಲ, ಮರಗೆಣಸು ಮುಟ್ಟದ ಕಡೆಯೂ ಕಾಯಿಲೆ ಕಂಡಿತು. 2000ದ ಸುಮಾರಿಗೆ ಸ್ಪಿಂಕ್1 ಅನ್ನುವ ಜೀನಿನಲ್ಲಿ ಒಂದು ವ್ಯತ್ಯಾಸ ಸಿಕ್ಕಿತು. ಗ್ರಂಥಿ ತನ್ನ ರಸದಲ್ಲಿ ತಾನೇ ಜೀರ್ಣವಾಗದಂತೆ ತಡೆಯುವ ಕೆಲಸ ಆ ಜೀನಿನದು. ನಮ್ಮ ದೇಶದ ಇಂಥ ರೋಗಿಗಳಲ್ಲಿ ಹಲವರಿಗೆ ಆ ವ್ಯತ್ಯಾಸ ಇರುತ್ತದೆ. ಹಾಗಾಗಿ ನೆಂಟರಿಗೆ ತಲೆ ತಗ್ಗಿಸಿ ಉತ್ತರ ಕೊಡುವ ಅಗತ್ಯ ನಿಮಗೂ ಇಲ್ಲ, ಅವನಿಗೂ ಇಲ್ಲ.

ಆದರೆ ಒಂದು ಮಾತು ನೀವು ಹಗುರವಾಗಿ ಬರೆದುಬಿಟ್ಟಿದ್ದೀರಿ: "ಗೆಳೆಯರ ಜೊತೆ ದಿನಕ್ಕೆ ಒಂದೆರಡು ಸಿಗರೇಟು ಸೇದುತ್ತಾನೆ, ಬೇರೆ ಚಟ ಇಲ್ಲ." ಅಮ್ಮಾ, ಅದೇ ಚಟ ಈಗ ಅವನಿಗೆ ದೊಡ್ಡ ಶತ್ರು. ಸಿಗರೇಟು, ಬೀಡಿ ಹಾಳು ಮಾಡುವುದು ಬರೀ ಶ್ವಾಸಕೋಶವನ್ನಲ್ಲ. ಹೆಂಡ ಮುಟ್ಟದವರಲ್ಲೂ ಧೂಮಪಾನ ಈ ಕಾಯಿಲೆ ತರುತ್ತದೆ, ಇದ್ದ ಕಾಯಿಲೆಯನ್ನು ಬೇಗ ಮುಂದಕ್ಕೆ ತಳ್ಳುತ್ತದೆ, ಕಲ್ಲು ಹೆಚ್ಚಿಸುತ್ತದೆ, ಗ್ರಂಥಿಯ ಕ್ಯಾನ್ಸರ್ ಅಪಾಯವನ್ನೂ ಏರಿಸುತ್ತದೆ. ಕಡಿಮೆ ಮಾಡುವುದಲ್ಲ, ಬಿಡಬೇಕು. ಪಥ್ಯ ಅಂತ ಹಟ ಹಿಡಿಯುವುದಾದರೆ ಇದರ ಮೇಲೆ ಹಿಡಿಯಿರಿ. ಇದುವರೆಗೆ ಕುಡಿದಿಲ್ಲ ಸರಿ, ಮುಂದೆಯೂ ಮದುವೆ ಮನೆ, ಜಾತ್ರೆ ಅಂತ ಒಂದು ಗುಟುಕೂ ಬೇಡ.

ಈಗ ಊಟಕ್ಕೆ ಬರೋಣ. ಈ ಕಾಯಿಲೆಗೆ ಕೊಬ್ಬು ನಿಲ್ಲಿಸಿ ಅನ್ನುವುದು ಹಳೆಯ ಸಲಹೆ. ಈಗ ಹಾಗಿಲ್ಲ. ಯುರೋಪಿನ ಪೌಷ್ಟಿಕಾಂಶ ತಜ್ಞರ ಸಂಘ 2020ರಲ್ಲಿ ಕೊಟ್ಟ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ: ಔಷಧಿ ಸರಿಯಾಗಿ ಕೊಟ್ಟ ಮೇಲೂ ಕೊಬ್ಬು ಅರಗದೆ ತೊಂದರೆ ಕೊಡುತ್ತಿದ್ದರೆ ಮಾತ್ರ ಕಡಿಮೆ ಮಾಡಿ, ಸುಮ್ನೆ ಎಲ್ಲರಿಗೂ ನಿಲ್ಲಿಸಬೇಡಿ. ನಿಮ್ಮ ಮಗ ಸೊರಗುತ್ತಿರುವುದಕ್ಕೆ ಅರ್ಧ ಕಾರಣ ಕಾಯಿಲೆಯಾದರೆ ಇನ್ನರ್ಧ ಆ ಗಂಜಿಯೇ ಇರಬಹುದು. ನೀವು ಪ್ರೀತಿಯಿಂದಲೇ ಮಾಡಿದ್ದೀರಿ, ಯಾರೂ ಬೇರೆ ಹೇಳಿರಲಿಲ್ಲ. ಆದರೆ ಇವತ್ತಿನಿಂದ ಬೇಳೆ ಸಾರು, ಮೊಸರು, ಪನ್ನೀರು, ಶೇಂಗಾ ಚಟ್ನಿ, ಸೋಯಾ ಮತ್ತೆ ತಟ್ಟೆಗೆ ಬರಲಿ. ಅನ್ನಕ್ಕೆ ಒಂದು ಚಮಚ ತುಪ್ಪ ಹಾಕಿ. ಮೂರು ಹೊತ್ತು ಗಡದ್ದಾಗಿ ಉಣ್ಣಲು ಆಗದಿದ್ದರೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಬೋಂಡಾ, ಮಿರ್ಚಿ ಒಂದೇ ಸಲ ರಾಶಿ ಬೇಡ, ಅದು ಯಾರಿಗೂ ಬೇಡ. ನಾರು ಒಳ್ಳೆಯದು ಅಂತ ತವುಡು, ಇಸಬ್ಗೋಲ್ ತುಂಬಿಸಲೂ ಹೋಗಬೇಡಿ. ಅತಿಯಾದ ನಾರು ಈ ಕಾಯಿಲೆಯಲ್ಲಿ ಔಷಧಿಯ ಕೆಲಸವನ್ನೇ ಕುಗ್ಗಿಸುತ್ತದೆ.

ಮತ್ತು ಆ ಕ್ಯಾಪ್ಸೂಲ್. ಪತ್ರದಲ್ಲಿ ನೀವು ಸಂಕೋಚಪಟ್ಟುಕೊಂಡು ಬರೆದದ್ದು ಬಹಳ ಮುಖ್ಯವಾದ ವಿಷಯ. ಮಗನ ಮಲ ಜಿಡ್ಡಾಗಿ, ತೇಲುತ್ತಾ, ವಿಪರೀತ ವಾಸನೆ ಬರುತ್ತದೆ, ಎರಡು ಬಕೆಟ್ ನೀರು ಸುರಿದರೂ ಹೋಗುವುದಿಲ್ಲ, ನೀರಿನ ಮೇಲೆ ಎಣ್ಣೆ ಪಸೆ ನಿಲ್ಲುತ್ತದೆ ಅಂದಿರಿ. ಅದು ತಿಂದ ಕೊಬ್ಬು ಅರಗದೆ ಹಾಗೇ ಹೊರಗೆ ಹೋಗುತ್ತಿರುವ ಗುರುತು. ಗ್ರಂಥಿಯ ರಸ ಬಿಡುವ ಶಕ್ತಿ ಹತ್ತರಲ್ಲಿ ಒಂಬತ್ತು ಪಾಲು ಹೋದ ಮೇಲೆಯೇ ಇದು ಹೀಗೆ ಕಣ್ಣಿಗೆ ಕಾಣುವುದು. ಕ್ಯಾಪ್ಸೂಲ್‌ನಲ್ಲಿ ಇರುವುದು ಆ ರಸದ ಎನ್‌ಜೈಮ್‌ಗಳೇ. ಅದು ಊಟದ ಜೊತೆ ಬೆರೆತರೆ ಮಾತ್ರ ಕೆಲಸ ಮಾಡುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿದರೆ ಅರಗಿಸಲು ಅಲ್ಲಿ ಏನಿದೆ ಹೇಳಿ? ಅದಕ್ಕೇ ಗುಣ ಕಂಡಿಲ್ಲ.

ಹೇಗೆ ಅಂದರೆ, ತಟ್ಟೆ ಮುಂದೆ ಕೂತು ಮೊದಲ ಎರಡು ತುತ್ತು ಉಂಡು ಒಂದು ಕ್ಯಾಪ್ಸೂಲ್ ನುಂಗಲಿ. ಒಂದಕ್ಕಿಂತ ಜಾಸ್ತಿ ಬರೆದಿದ್ದರೆ ಇನ್ನೊಂದನ್ನು ಅರ್ಧ ಊಟ ಆದಾಗ. ಅಗಿಯಬಾರದು, ಬಿಚ್ಚಿ ಬಿಸಿ ಅನ್ನಕ್ಕೆ ಕಲಸಬಾರದು. ಊಟ ಮುಗಿದು ಕೈ ತೊಳೆದ ಮೇಲೆ ನೆನಪಾಗಿ ನುಂಗುವುದೂ ಅಷ್ಟು ಉಪಯೋಗಕ್ಕಿಲ್ಲ. ದೊಡ್ಡವರಿಗೆ ಪೂರ್ತಿ ಊಟಕ್ಕೆ ಸಾಮಾನ್ಯವಾಗಿ 40,000ದಿಂದ 50,000 ಯೂನಿಟ್ ಲೈಪೇಸ್‌ನಿಂದ ಶುರು ಮಾಡುತ್ತಾರೆ, ನಡುವೆ ಮಂಡಕ್ಕಿ, ಬಿಸ್ಕತ್ತು, ಹಾಲು ತೆಗೆದುಕೊಂಡರೆ ಅದರ ಅರ್ಧ. ಸ್ಟ್ರಿಪ್ ಮೇಲೆ 10,000 ಅಂತ ಇದ್ದು ಊಟಕ್ಕೆ ಒಂದೇ ನುಂಗುತ್ತಿದ್ದರೆ ಅದು ಸಾಲದೆಯೂ ಇರಬಹುದು. ನೀವೇ ಏರಿಸಬೇಡಿ, ಸ್ಟ್ರಿಪ್ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಸರಿಯಾಗಿ ತೆಗೆದುಕೊಂಡರೂ ಜಿಡ್ಡು ನಿಲ್ಲದಿದ್ದರೆ ಪ್ರಮಾಣ ಹೆಚ್ಚಿಸುತ್ತಾರೆ, ಇಲ್ಲವೇ ಆಮ್ಲ ಕಡಿಮೆ ಮಾಡುವ ಮಾತ್ರೆ ಸೇರಿಸುತ್ತಾರೆ. ಇನ್ನೊಂದು ವಿಷಯ ಹೇಳಲೇಬೇಕು. ನಿಮ್ಮದು ಸಸ್ಯಾಹಾರಿ ಮನೆ ಅಂದಿರಿ. ಈ ಎನ್‌ಜೈಮ್ ತೆಗೆಯುವುದು ಹಂದಿಯ ಗ್ರಂಥಿಯಿಂದ. ಇಷ್ಟೇ ಚೆನ್ನಾಗಿ ಕೆಲಸ ಮಾಡುವ ಸಸ್ಯಮೂಲದ್ದು ಇನ್ನೂ ಇಲ್ಲ. ಯಾರೋ ಎಲ್ಲೋ ಹೇಳಿ ಅವನು ತಟ್ಟನೆ ನಿಲ್ಲಿಸಿಬಿಡುವುದಕ್ಕಿಂತ ಈಗಲೇ ತಿಳಿದು ಮನೆಯಲ್ಲಿ ಮಾತಾಡಿಕೊಳ್ಳುವುದು ಒಳ್ಳೆಯದು. ನನ್ನ ಅಭಿಪ್ರಾಯ ಕೇಳಿದರೆ, ಇದು ಔಷಧಿ. ಅವನು ತೆಗೆದುಕೊಳ್ಳಬೇಕು.

ಕೊಬ್ಬು ಅರಗದಿದ್ದರೆ ಅದರ ಜೊತೆ ಹೋಗುವ ವಿಟಮಿನ್ ಎ, ಡಿ, ಇ, ಕೆ ಕೂಡ ಮೈಗೆ ಸೇರುವುದಿಲ್ಲ. ಮೂಳೆ ಸವೆಯುತ್ತದೆ, ಅದೂ ಈ ವಯಸ್ಸಿನಲ್ಲೇ. ವಿಟಮಿನ್ ಡಿ ಪರೀಕ್ಷೆ, ಒಮ್ಮೆ ಮೂಳೆ ಸಾಂದ್ರತೆ ಪರೀಕ್ಷೆ ಮಾಡಿಸಿ ಅಂತ ನೀವೇ ಬಾಯಿ ಬಿಟ್ಟು ಕೇಳಿ.

ಸಕ್ಕರೆ ಕಾಯಿಲೆ ಬರುವ ಸಂಭವ ಖಂಡಿತ ಇದೆ, ಟ್ರಾಪಿಕಲ್ ಬಗೆಯಲ್ಲಂತೂ ಜಾಸ್ತಿ. ವರ್ಷಕ್ಕೊಮ್ಮೆಯಾದರೂ ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ನೋಡಿಸಿ. ಬಂದರೆ ಅದು ನಿಮ್ಮ ಓರಗೆಯವರಿಗೆ ಬರುವ ಸಕ್ಕರೆ ಕಾಯಿಲೆಯಂತಲ್ಲ. ಸಕ್ಕರೆ ಏರಿಸುವ ಹಾರ್ಮೋನೂ ಇದೇ ಗ್ರಂಥಿಯದು, ಅದೂ ಕುಗ್ಗಿರುತ್ತದೆ. ಹಾಗಾಗಿ ಇನ್ಸುಲಿನ್ ಹಾಕಿಕೊಂಡು ಊಟ ತಪ್ಪಿಸಿದರೆ ಸಕ್ಕರೆ ಧಡಕ್ಕನೆ ಇಳಿದು ಬೆವರಿ, ತಲೆ ಸುತ್ತಿ ಬೀಳಬಹುದು. ಯಾವ ಊರಿನ ಯಾವ ಡಾಕ್ಟರ್ ಸಕ್ಕರೆ ಮಾತ್ರೆ ಬರೆದರೂ "ಇವನಿಗೆ ಪ್ಯಾಂಕ್ರಿಯಾಸ್ ತೊಂದರೆ ಇದೆ" ಅಂತ ಮೊದಲೇ ಹೇಳಿ. ಕೆಲವು ಮಾತ್ರೆಗಳು ಇವರಿಗೆ ಬೇಡ.

ನೋವಿನ ವಿಷಯದಲ್ಲಿ ನನಗೆ ಹೆಚ್ಚು ಭಯ ಇರುವುದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆ, ಸಂಜೆ ಹೋಗಿ ಹಾಕಿಸಿಕೊಂಡು ಬರುವ ಇಂಜೆಕ್ಷನ್ ಬಗ್ಗೆ. ಟ್ರಮಡಾಲ್‌ನಂಥವು ಚಟ ಹಿಡಿಸುತ್ತವೆ. ಪ್ಯಾರಾಸಿಟಮಾಲ್‌ನಿಂದ ಶುರು ಮಾಡಿ, ನರದ ನೋವಿಗೆ ಕೊಡುವ ಮಾತ್ರೆವರೆಗೆ ಹಂತ ಹಂತವಾಗಿ ಡಾಕ್ಟರೇ ಏರಿಸಬೇಕು. ಆಂಟಿ ಆಕ್ಸಿಡೆಂಟ್ ಮಾತ್ರೆ ಕೆಲವರಿಗೆ ಉಪಯೋಗವಾಗಿದೆ. ದೆಹಲಿಯ ಏಮ್ಸ್‌ನವರು 127 ರೋಗಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೋವಿನ ದಿನಗಳು ಕಡಿಮೆಯಾಗಿದ್ದವು. ಆಮೇಲೆ ಬ್ರಿಟನ್ನಿನಲ್ಲಿ, ಹೆಚ್ಚಾಗಿ ಕುಡಿತದಿಂದ ಕಾಯಿಲೆ ಬಂದವರ ಮೇಲೆ ಮಾಡಿದಾಗ ಆ ಗುಣ ಕಾಣಲಿಲ್ಲ. ನಿಮ್ಮ ಮಗನಂಥವರಿಗೆ ಕೇಳಿ ನೋಡಬಹುದು.

ಕಲ್ಲು ನಾಳಕ್ಕೆ ಅಡ್ಡ ಕೂತಿದ್ದರೆ ಮಾತ್ರೆಯೊಂದೇ ಸಾಲದು. ಕಿಡ್ನಿ ಕಲ್ಲಿಗೆ ಮಾಡುವಂತೆ ಹೊರಗಿನಿಂದ ಶಬ್ದದ ಅಲೆ ಹಾಯಿಸಿ ಪುಡಿ ಮಾಡುತ್ತಾರೆ, ಎಂಡೋಸ್ಕೋಪಿಯಲ್ಲಿ ನಾಳ ತೆರೆದು ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಇಡುತ್ತಾರೆ. ಆಪರೇಷನ್ ಅಂದರೆ ಕಟ್ಟಕಡೆಯ ದಾರಿ ಅಂತ ನೀವು ಬರೆದಿದ್ದೀರಿ. ಹಾಗೇನಿಲ್ಲ. ನೆದರ್ಲೆಂಡ್ಸ್‌ನಲ್ಲಿ 88 ರೋಗಿಗಳನ್ನು ಎರಡು ಗುಂಪು ಮಾಡಿ 18 ತಿಂಗಳು ನೋಡಿದ ಅಧ್ಯಯನ 2020ರಲ್ಲಿ ಬಂತು. ನಾಳ ಹಿಗ್ಗಿ ತುಂಬ ನೋವಿದ್ದವರಲ್ಲಿ ಬೇಗ ಆಪರೇಷನ್ ಆದವರಿಗೆ ಮೊದಲು ಔಷಧಿ, ಆಮೇಲೆ ಎಂಡೋಸ್ಕೋಪಿ ಅಂತ ಹೋದವರಿಗಿಂತ ನೋವು ಕಡಿಮೆ ಇತ್ತು. ನಿಮ್ಮ ಮಗನಿಗೆ ಯಾವುದು ಸರಿ ಅಂತ ಗ್ಯಾಸ್ಟ್ರೋ ಡಾಕ್ಟರು ಮತ್ತು ಸರ್ಜನ್ ಇಬ್ಬರೂ ಸ್ಕ್ಯಾನ್ ನೋಡಿ ಹೇಳಲಿ. ಒಬ್ಬರ ಮಾತಿಗೇ ನಿಲ್ಲಬೇಡಿ.

ಕ್ಯಾನ್ಸರಾ ಅಂದಿರಿ. ಅಲ್ಲ. ಆದರೆ ಬಹಳ ವರ್ಷ ಈ ಕಾಯಿಲೆ ಇದ್ದವರಿಗೆ ಗ್ರಂಥಿಯ ಕ್ಯಾನ್ಸರ್ ಬರುವ ಅಪಾಯ ಬೇರೆಯವರಿಗಿಂತ ಹೆಚ್ಚು ಅನ್ನುವುದನ್ನು ಮುಚ್ಚಿಡುವುದಿಲ್ಲ. ಹೆಚ್ಚಿನವರಿಗೆ ಬರುವುದಿಲ್ಲ. ಕಣ್ಣು ಹಳದಿಯಾದರೆ, ಚೆನ್ನಾಗಿ ಉಣ್ಣುತ್ತಿದ್ದರೂ ಮತ್ತೆ ತೂಕ ಇಳಿದರೆ, ನೋವಿನ ಬಗೆಯೇ ಬದಲಾದರೆ ತಡ ಮಾಡದೆ ತೋರಿಸಿ. ವಾಂತಿ ನಿಲ್ಲದ ತೀವ್ರ ನೋವು, ಜ್ವರ, ಕಪ್ಪು ಮಲ ಕಂಡರೆ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗಿ.

ಮದುವೆ ಮಾಡಬಹುದು. ಹುಡುಗಿ ಮನೆಯವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಹುಡುಗಿಗಂತೂ ಅವನೇ ಹೇಳಲಿ. ಮುಚ್ಚಿಟ್ಟು ಮಾಡಿದರೆ ಆ ಹುಡುಗಿಗೆ ಅನ್ಯಾಯ. ಮಕ್ಕಳಿಗೆ ಬಂದೇ ಬರುತ್ತದೆ ಅಂತಿಲ್ಲ, ಸ್ಪಿಂಕ್1 ವ್ಯತ್ಯಾಸ ಇದ್ದೂ ಜೀವನಪೂರ್ತಿ ಆರೋಗ್ಯವಾಗಿರುವವರೇ ಜಾಸ್ತಿ. ಮನೆತನದಲ್ಲಿ ಇನ್ನೂ ಯಾರಿಗಾದರೂ ಇದೇ ಕಾಯಿಲೆ ಇದ್ದರೆ ಜೀನ್ ಪರೀಕ್ಷೆ ಬೇಕಾ ಅಂತ ಮೊದಲೇ ವಿಚಾರಿಸಿ.

ಖರ್ಚಿನ ಚಿಂತೆಯನ್ನೂ ಬರೆದಿದ್ದೀರಿ. ಬಿಪಿಎಲ್ ಕಾರ್ಡ್ ಇದೆ ಅಂದಿರಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಂಡೋಸ್ಕೋಪಿಗೋ ಆಪರೇಷನ್ನಿಗೋ ದಿನ ಗೊತ್ತಾಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಗೆಂದೇ ಇರುವ ಆರೋಗ್ಯ ಮಿತ್ರರನ್ನು ಕಂಡು ಯಾವುದು ಸೇರುತ್ತದೆ, ರೆಫರಲ್ ಚೀಟಿ ಎಲ್ಲಿಂದ ತರಬೇಕು ಅಂತ ಕೇಳಿಕೊಳ್ಳಿ. ಬೆಂಗಳೂರಿಗೆ ಬರುವುದಾದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ. ಹೋಗುವಾಗ ರಿಪೋರ್ಟಿನ ಹಾಳೆ ಮಾತ್ರ ಅಲ್ಲ, ಸ್ಕ್ಯಾನಿನ ಫಿಲ್ಮು, ಸಿ.ಡಿ. ಕೂಡ ತೆಗೆದುಕೊಂಡು ಹೋಗಿ. ಎನ್‌ಜೈಮ್ ಕ್ಯಾಪ್ಸೂಲ್ ತಿಂಗಳು ತಿಂಗಳೂ ಬೇಕಾಗುತ್ತದೆ, ಅದು ಆಸ್ಪತ್ರೆಯಲ್ಲೇ ಸಿಗುತ್ತದಾ ಅಂತ ಅಲ್ಲಿಯೇ ಕೇಳಿ ಬನ್ನಿ.