ಕೇಳಿದವರಿಗೆ ಉತ್ತರ ಕೊಡದೆ ಬಂದೆ, ಅಕ್ಕ

ಅಕ್ಕ, ನನಗೆ 29 ವರ್ಷ. ಊರು ಹೊನ್ನಾವರದ ಹತ್ತಿರ, ಶರಾವತಿ ಹೊಳೆಯ ದಂಡೆ. ಅಪ್ಪ ಮೊದಲು ಬೋಟಿಗೆ ಹೋಗುತ್ತಿದ್ದರು, ಈಗ ಮನೆಯಲ್ಲೇ ಇದ್ದಾರೆ. ನಾನು ನಾಲ್ಕು ವರ್ಷದಿಂದ ಶಿರಸಿಯ ಒಂದು ಅಡಿಕೆ ವ್ಯಾಪಾರದ ಕಚೇರಿಯಲ್ಲಿ ಲೆಕ್ಕ ಬರೆಯುತ್ತೇನೆ. ಅಲ್ಲಿ ಕ್ರಿಶ್ಚಿಯನ್ ಅಂತ ಇರುವವಳು ನಾನೊಬ್ಬಳೇ. ಯಾರೂ ಕೆಟ್ಟವರಲ್ಲ. ಆದರೆ ಒಬ್ಬರು ಆಗಾಗ ತಮಾಷೆಗೆ, ‘ನಮ್ಮನ್ನೆಲ್ಲ ಯಾವಾಗ ಮತಾಂತರ ಮಾಡ್ತೀಯೇ?’ ಅನ್ನುತ್ತಾರೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಕೊರಳಿನ ಶಿಲುಬೆಯನ್ನು ಕಚೇರಿಗೆ ಹೋಗುವಾಗ ಚೂಡಿದಾರದ ಒಳಗೆ ಸೇರಿಸಿಕೊಳ್ಳುತ್ತೇನೆ.

ಹೋದ ತಿಂಗಳು ನಮ್ಮ ಹಿರಿಯ ಮೇಡಂ ಒಬ್ಬರ ಮಗನನ್ನು ಹುಷಾರಿಲ್ಲದೆ ಮಣಿಪಾಲದ ಆಸ್ಪತ್ರೆಗೆ ಸೇರಿಸಿದರು. ಊಟದ ಹೊತ್ತಿಗೆ ಅವರು ನನ್ನ ಪಕ್ಕ ಬಂದು ಕೂತು, ‘ನಿಮ್ಮಲ್ಲಿ ಪ್ರಾರ್ಥನೆ ಮಾಡ್ತಾರಲ್ಲ, ನನ್ನ ಮಗನಿಗೂ ಒಂದು ಮಾಡು ತಂಗಿ’ ಅಂದರು. ನಾನು ‘ಹಾಂ, ನೋಡುವ’ ಅಂತ ಹೇಳಿ, ‘ಇವತ್ತು ಏನು ಸಾಂಬಾರ್?’ ಎಂದು ಕೇಳಿಬಿಟ್ಟೆ. ರಾತ್ರಿಯಿಡೀ ನಿದ್ದೆ ಬರಲಿಲ್ಲ. ಯೇಸುವಿನ ಶಿಷ್ಯನಾಗಿದ್ದೂ ‘ಅವರು ಯಾರೋ ಗೊತ್ತಿಲ್ಲ’ ಅಂದ ಪೇತ್ರ ಮಾಡಿದ್ದನ್ನೇ ನಾನೂ ಮಾಡಿದೆ ಅನಿಸಿತು.

ಇನ್ನೊಂದು. ಇಗರ್ಜಿಯಲ್ಲಿ ಫಾದರ್ ನನಗೆ ಪೂಜೆಯ ನಡುವೆ ಬೈಬಲಿನ ವಾಚನ ಓದಲು ಹೇಳಿದ್ದರು. ಕ್ರಿಸ್ಮಸ್‌ಗೆ ಎದ್ದು ನಿಂತೆ, ಎರಡನೇ ಸಾಲಿಗೆ ಗಂಟಲು ಕಟ್ಟಿತು, ಬೇರೆಯವರು ಬಂದು ಓದಿ ಮುಗಿಸಿದರು. ಈಗ ಮತ್ತೆ ಓದು ಅನ್ನುತ್ತಿದ್ದಾರೆ. ಅಮ್ಮನಿಗೆ ಹೇಳಿದರೆ, ‘ಊರ ಉಸಾಬರಿ ನಮಗ್ಯಾಕೆ, ತಲೆ ತಗ್ಗಿಸಿ ದುಡಿ’ ಅನ್ನುತ್ತಾಳೆ. ಒಂದು ಧ್ಯಾನಕೂಟದಲ್ಲಿ ಬೋಧಕರು, ‘ಹೆದರುವವರಲ್ಲಿ ವಿಶ್ವಾಸ ಇಲ್ಲ’ ಅಂದಿದ್ದರು. ನನ್ನ ವಿಶ್ವಾಸವೇ ಸುಳ್ಳಾ? ಈ ಹೆದರಿಕೆ ಹೋಗಲು ಏನು ಮಾಡಲಿ?

— ನಿಮ್ಮ ತಂಗಿ, ಶಿರಸಿ

ತಂಗೀ,

ಬೋಧಕರ ಆ ಮಾತನ್ನು ಮೊದಲು ಬದಿಗೆ ಸರಿಸೋಣ, ಇಲ್ಲದಿದ್ದರೆ ಮುಂದಿನದು ಯಾವುದೂ ನಿನ್ನ ಕಿವಿಗೆ ಹೋಗುವುದಿಲ್ಲ. ಹೆದರುವವರಲ್ಲಿ ವಿಶ್ವಾಸ ಇಲ್ಲ ಎನ್ನುವುದಾದರೆ ಯೇಸುವನ್ನು ಬಂಧಿಸುವ ಮುಂಚಿನ, ಗೆತ್ಸೆಮನಿ ತೋಪಿನ ಆ ರಾತ್ರಿಯನ್ನು ಏನೆಂದು ಹೇಳೋಣ? ಯೇಸುವಿಗೆ ಅಲ್ಲಿ ದಿಗಿಲಾಯಿತು, ಮನಸ್ಸು ಕಳವಳಗೊಂಡಿತು ಎಂದು ಮಾರ್ಕ, ಯೇಸುವಿನ ಕಥೆ ಹೇಳುವ ತನ್ನ ಸುವಾರ್ತೆಯಲ್ಲಿ, ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಈ ಪಾತ್ರೆ, ಅಂದರೆ ಬರಲಿರುವ ಆ ಯಾತನೆ, ನನ್ನಿಂದ ದೂರವಾಗಲಿ ಎಂದು ಅವರೇ ಬೇಡಿಕೊಂಡರು. ಅದೂ ಒಂದು ಸಲವಲ್ಲ. ಮೂವರು ಆಪ್ತರನ್ನು ಜೊತೆಗೆ ಕರೆದುಕೊಂಡು ಹೋಗಿದ್ದರು, ಒಬ್ಬರೇ ಇರಲಾರದೆ. ಆ ಮೂವರು ನಿದ್ದೆ ಮಾಡಿದರು, ಅದು ಬೇರೆ ಕಥೆ. ಹೆದರಿಕೆ ಪಾಪವಾಗಿದ್ದರೆ ಸುವಾರ್ತೆ ಬರೆದವರು ಆ ಭಾಗವನ್ನು ಯಾವಾಗಲೋ ಕತ್ತರಿಸಿ ಹಾಕುತ್ತಿದ್ದರು.

ನಿನ್ನ ಅಪ್ಪನನ್ನೇ ಕೇಳು. ಹೊನ್ನಾವರದಲ್ಲಿ ಬೋಟಿಗೆ ಹೋದವರಿಗೆ ನಡುಸಮುದ್ರಕ್ಕಿಂತ ಅಳಿವೆಯದ್ದೇ ಹೆದರಿಕೆ. ಹೊಳೆ ಸಮುದ್ರ ಸೇರುವಲ್ಲಿ ಮರಳಿನ ದಿಬ್ಬ ಎಲ್ಲಿ ಸರಿದಿದೆ, ಭರತ ಏರಿದೆಯೋ ಇಳಿದಿದೆಯೋ, ಅಲೆ ಎಲ್ಲಿ ಮುರಿಯುತ್ತಿದೆ, ಇಷ್ಟನ್ನೂ ನೋಡಿಕೊಂಡೇ ದಾಟಬೇಕು. ಅಳಿವೆಗೆ ಹೆದರದವನ ಬೋಟಿಗೆ ತಿಳಿದವರು ಯಾರೂ ಹತ್ತುವುದಿಲ್ಲ. ಹಾಗೆಂದು ಹೆದರಿ ದಕ್ಕೆಯಲ್ಲೇ ಬೋಟು ಕಟ್ಟಿಟ್ಟವನ ಮನೆಯಲ್ಲಿ ಒಲೆ ಉರಿಯುವುದೂ ಇಲ್ಲ. ನಿನ್ನ ಅಪ್ಪ ಅಷ್ಟು ವರ್ಷ ಹೆದರಿಕೆ ಹೋದಮೇಲೆ ಹೊರಟರೋ, ಹೆದರಿಕೆಯನ್ನು ಜೊತೆಗೆ ಕೂರಿಸಿಕೊಂಡೇ ಹೊರಟರೋ, ಒಂದು ಸಂಜೆ ಚಹಾ ಕುಡಿಯುತ್ತಾ ಕೇಳಿ ನೋಡು.

ಹಾಗಾಗಿ ‘ಹೆದರಿಕೆ ಹೋಗಲು ಏನು ಮಾಡಲಿ’ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಅದು ಹೋಗುವವರೆಗೆ ಕಾಯಬೇಡ ಎಂದಷ್ಟೇ ಹೇಳಬಲ್ಲೆ.

ಈಗ ಆ ಮೇಡಂ ವಿಷಯಕ್ಕೆ ಬರುತ್ತೇನೆ, ನಿನ್ನ ಪತ್ರದ ಜೀವ ಇರುವುದು ಅಲ್ಲಿಯೇ. ನೀನು ಅದನ್ನು ನಿನ್ನ ವಿಶ್ವಾಸದ ಪರೀಕ್ಷೆ ಅಂದುಕೊಂಡಿದ್ದೀಯ, ಫೇಲಾದೆ ಎಂದು ಅಳುತ್ತಿದ್ದೀಯ. ನಾನು ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ನನ್ನ ಕಣ್ಣಿಗೆ ಕಂಡದ್ದು ನೀನಲ್ಲ, ಆ ತಾಯಿ. ನಮ್ಮ ಜಿಲ್ಲೆಯಲ್ಲಿ ಕಾಯಿಲೆ ಸ್ವಲ್ಪ ದೊಡ್ಡದಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾ. ಮಗನನ್ನು ಅಷ್ಟು ದೂರ ಬಿಟ್ಟು ಬಂದು, ರಾಶಿ, ಚಾಲಿ, ಬೆಟ್ಟೆ ಎಂದು ಅಡಿಕೆಯ ದರ ಬರೆಯುತ್ತಾ ಕೂತಿದ್ದವರು ಅವರು. ತಮ್ಮ ದೇವರ ಮುಂದೆ ದೀಪ ಹಚ್ಚಿ, ಮಾರಿಕಾಂಬೆಗೆ ಹರಕೆ ಹೇಳಿಕೊಂಡು, ಅದೂ ಸಾಲದೆ ನಿನ್ನ ಹತ್ತಿರ ಬಂದಿದ್ದಾರೆ. ಶಿಲುಬೆಯನ್ನು ಒಳಗೆ ಸೇರಿಸಿಕೊಂಡರೂ ನೀನು ಪ್ರಾರ್ಥನೆ ಮಾಡುವ ಹುಡುಗಿ ಎಂದು ಅವರಿಗೆ ಗೊತ್ತಿತ್ತು, ಅದನ್ನು ಗಮನಿಸಿದೆಯಾ? ಅವರು ನಿನ್ನ ಧರ್ಮದ ಬಗ್ಗೆ ಚರ್ಚೆ ಕೇಳಲಿಲ್ಲ. ಮಗನಿಗಾಗಿ ಒಂದು ಮಾತು ಕೇಳಿದರು. ನೀನು ಸಾಂಬಾರ್ ಕೇಳಿದೆ.

ಬೈಯುತ್ತಿಲ್ಲ. ಸರಿಮಾಡಲು ಇನ್ನೂ ಸಮಯವಿದೆ ಅನ್ನುತ್ತಿದ್ದೇನೆ.

ಸೋಮವಾರ ಕಚೇರಿಗೆ ಹೋದಾಗ ಮೊದಲು ಮಗ ಹೇಗಿದ್ದಾನೆ ಎಂದು ವಿಚಾರಿಸು. ಅವರು ಹೇಳುವುದನ್ನು ಪೂರ್ತಿ ಕೇಳು, ನಡುವೆ ಬಾಯಿ ಹಾಕಬೇಡ. ಆಮೇಲೆ ಹೇಳು: ‘ಮೇಡಂ, ಅವತ್ತು ನೀವು ಪ್ರಾರ್ಥನೆ ಮಾಡು ಅಂದಿರಿ. ನಾನು ಮಾತು ಹಾರಿಸಿಬಿಟ್ಟೆ, ತಪ್ಪಾಯ್ತು. ದಿನಾ ಮಾಡ್ತಾ ಇದ್ದೇನೆ. ಅವನ ಹೆಸರೇನು?’ ಅಷ್ಟೇ ಸಾಕು. ಹೆಸರು ಕೇಳುವುದನ್ನು ಮಾತ್ರ ಮರೆಯಬೇಡ, ನೀನು ನಿಜವಾಗಿ ಮಾಡುತ್ತೀ ಎಂದು ಅವರಿಗೆ ಗೊತ್ತಾಗುವುದು ಅದರಿಂದಲೇ. ಗುಣವಾಗಿಯೇ ಆಗುತ್ತದೆ ಎಂದು ಮಾತು ಕೊಡಬೇಡ, ಅದು ನಿನ್ನ ಕೈಯಲ್ಲಿಲ್ಲ. ಪುಸ್ತಕ, ಚೀಟಿ, ಎಣ್ಣೆ ಎಂದು ಏನನ್ನೂ ಕೊಡಲು ಹೋಗಬೇಡ. ಔಷಧಿ ಬಿಡಿಸುವ ಮಾತಂತೂ ಕನಸಿನಲ್ಲೂ ಬೇಡ. ಅವರಾಗಿ ಇನ್ನೇನಾದರೂ ಕೇಳಿದರೆ ಗೊತ್ತಿದ್ದಷ್ಟು ಹೇಳು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ನಿಮ್ಮ ಭರವಸೆಯ ಬಗ್ಗೆ ಯಾರಾದರೂ ಕೇಳಿದರೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸೌಜನ್ಯದಿಂದ, ಮರ್ಯಾದೆಯಿಂದ ಎಂದು ಸಂತ ಪೇತ್ರ ತನ್ನ ಮೊದಲನೇ ಪತ್ರದ ಮೂರನೇ ಅಧ್ಯಾಯದಲ್ಲಿ ಬರೆದದ್ದು ಇಂಥ ಜಾಗಕ್ಕೇ. ಕೇಳಿದವರಿಗೆ, ಎಂಬ ಮಾತನ್ನು ಅಡಿಗೆರೆ ಎಳೆದು ಓದಬೇಕು. ನಮ್ಮಲ್ಲಿ ಕೆಲವರು ಅದನ್ನು ಹಾರಿಸಿ ಓದುತ್ತಾರೆ, ನಿನ್ನಂಥವರು ಅದರ ಮುಂದಿನದನ್ನು ಹಾರಿಸುತ್ತೀರಿ.

ಆ ತಮಾಷೆ ಮಾಡುವವರ ಬಗ್ಗೆ ನಿನಗಿರುವ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ, ಈಗಿನ ಗಾಳಿ ಹಾಗಿದೆ. ಆದರೆ ಒಬ್ಬ ತಾಯಿ ತಾನಾಗಿ ಕೇಳಿಕೊಂಡ ಪ್ರಾರ್ಥನೆಯನ್ನು ಮನೆಯಲ್ಲಿ ಕೂತು ಮಾಡುವುದಕ್ಕೂ ಅವರು ಹೇಳುವ ಮತಾಂತರಕ್ಕೂ ಏನು ಸಂಬಂಧ? ತನ್ನ ನಂಬಿಕೆಯಂತೆ ನಡೆಯುವ, ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಅವರಿಗೂ ಕೊಟ್ಟಿದೆ, ನಿನಗೂ ಕೊಟ್ಟಿದೆ. ಇನ್ನೊಮ್ಮೆ ಕೇಳಿದರೆ ನಗಬೇಡ, ಸಿಟ್ಟೂ ಮಾಡಬೇಡ. ‘ಇಲ್ಲ ಸರ್, ಲೆಕ್ಕ ಬರೆದೇ ಮುಗಿಯುವುದಿಲ್ಲ’ ಅಂತ ಹೇಳಿ ಪುಟ ತಿರುಗಿಸು. ನಮ್ಮ ಕರಾವಳಿ ಇದಕ್ಕಿಂತ ದೊಡ್ಡದನ್ನು ನೋಡಿದೆ. ಡಿಸೆಂಬರ್ 3ರಂದು ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆ ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಲ್ಲುವವರೆಲ್ಲ ಕ್ರೈಸ್ತರೇ ಏನು? ಹರಕೆಗೆ ಜಾತಿ ಕೇಳುವ ರೂಢಿ ನಮ್ಮ ಹಳೆಯ ಹೆಂಗಸರಲ್ಲಿ ಇರಲೇ ಇಲ್ಲ.

ಶಿಲುಬೆ ಒಳಗಿರಲಿ, ಹೊರಗಿರಲಿ. ಸರದ ವಿಷಯ ಬಿಡು.

ಪೇತ್ರನ ಹೆಸರು ಹಿಡಿದು ನಿನ್ನನ್ನು ನೀನೇ ಬೈದುಕೊಂಡಿದ್ದೀಯಲ್ಲ, ಆ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದೀಯ. ಮಹಾಯಾಜಕನ ಅಂಗಳದಲ್ಲಿ ಚಳಿಗೆ ಕೆಂಡದ ಬೆಂಕಿ ಹಾಕಿದ್ದರು. ಅದರ ಮುಂದೆ ಮೈ ಕಾಯಿಸುತ್ತಾ ನಿಂತು ಅವನು ‘ನಾನಲ್ಲ’ ಅಂದ. ಯೊವಾನ್ನನ ಸುವಾರ್ತೆಯ ಕೊನೆಯ ಅಧ್ಯಾಯಕ್ಕೆ ಬಾ. ಬೆಳಗಿನ ಜಾವ, ದಡ, ರಾತ್ರಿಯಿಡೀ ಬಲೆ ಬೀಸಿ ಒಂದೂ ಮೀನು ಸಿಗದ ದೋಣಿ. ದಡದಲ್ಲಿ ಮತ್ತೆ ಕೆಂಡದ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಸುಟ್ಟ ಮೀನಿನ ವಾಸನೆ ಮೂಗಿಗೆ ಬಂದಾಗೆಲ್ಲ ನನಗೆ ಆ ಅಧ್ಯಾಯ ನೆನಪಾಗುತ್ತದೆ, ಕರಾವಳಿಯಲ್ಲಿ ಹುಟ್ಟಿದ್ದರ ಲಾಭ ಅದು. ಯೇಸು ಅಲ್ಲಿ ‘ಯಾಕೆ ಹೆದರಿದೆ?’ ಎಂದು ಪೇತ್ರನನ್ನು ಕೇಳಲೇ ಇಲ್ಲ. ಮೊದಲು ಬಂದು ತಿನ್ನಿ ಎಂದರು. ತಿಂದಾದ ಮೇಲೆ, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದರು. ಮೂರು ಸಲವೂ ಒಂದೊಂದು ಕೆಲಸ ಹೇಳಿದರು, ಕುರಿಗಳನ್ನು ನೋಡಿಕೋ ಎಂದು. ನಿನಗೆ ಸಿಕ್ಕ ಕುರಿ ಸದ್ಯಕ್ಕೆ ಊಟದ ಡಬ್ಬಿ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂತಿದೆ.

ನನಗೆ ಕೇಳಿದರೆ ನೀನು ಪೇತ್ರನಿಗಿಂತ ನಿಕೊದೇಮನಿಗೆ ಹತ್ತಿರ. ಅವನ ಬಗ್ಗೆ ಪ್ರವಚನ ಮಾಡುವವರು ಕಡಿಮೆ. ದೊಡ್ಡ ಸ್ಥಾನದಲ್ಲಿದ್ದವನು, ಯೇಸುವನ್ನು ನೋಡಲು ರಾತ್ರಿ ಹೊತ್ತು ಬಂದ. ಇನ್ನೊಮ್ಮೆ ಸಭೆಯಲ್ಲಿ ಎಲ್ಲರೂ ಯೇಸುವಿನ ವಿರುದ್ಧ ಕೂಗುವಾಗ ಒಂದೇ ಒಂದು ವಾಕ್ಯ ಆಡಿದ: ಒಬ್ಬನ ಮಾತು ಕೇಳದೆ ಅವನಿಗೆ ತೀರ್ಪು ಕೊಡುವುದು ನಮ್ಮ ಕಾನೂನೇನು? ಅಷ್ಟಕ್ಕೇ ‘ನೀನೂ ಗಲಿಲೇಯದವನೋ?’ ಎಂದು ಯೇಸುವಿನ ಸೀಮೆಯ ಹೆಸರು ಹಿಡಿದು ಕುಟುಕಿದರು. ನಿನ್ನ ಕಚೇರಿಯ ತಮಾಷೆಯ ಹಾಗೆಯೇ. ಆಮೇಲೆ ಅವನು ಏನು ಹೇಳಿದನೆಂದು ಬರೆದಿಲ್ಲ. ಬಹುಶಃ ಸುಮ್ಮನೆ ಮನೆಗೆ ಹೋದ. ಆದರೆ ಶಿಲುಬೆಯ ದಿನ ಶಿಷ್ಯರಲ್ಲಿ ಹೆಚ್ಚಿನವರು ತಲೆಮರೆಸಿಕೊಂಡಾಗ ಅವನು ಬಂದ, ರಕ್ತಬೋಳ, ಅಗರು ಬೆರೆಸಿದ ಸುಗಂಧದ್ರವ್ಯ ಹೊತ್ತು. ಈಗಿನ ಲೆಕ್ಕದಲ್ಲಿ ಅದು ಸುಮಾರು 33 ಕೆ.ಜಿ. ನೀನು ಅಡಿಕೆ ತೂಕ ನೋಡಿದವಳು, ಹೆಚ್ಚುಕಡಿಮೆ ಅರ್ಧ ಚೀಲದ ಭಾರ. ಅಷ್ಟನ್ನು ಸೆರಗಿನೊಳಗೆ ಬಚ್ಚಿಟ್ಟು ತರಲಾಗುವುದಿಲ್ಲ. ಆ ರಾತ್ರಿಗೂ ಈ ಸಂಜೆಗೂ ನಡುವೆ ವರ್ಷಗಳೇ ಹೋಗಿರಬೇಕು, ಅಷ್ಟು ದಿನ ಅವನಿಗೆ ಯಾರೂ ಗಡುವು ಕೊಟ್ಟಿರಲಿಲ್ಲ.

ಅಮ್ಮನ ಮೇಲೆ ಸಿಟ್ಟಾಗಬೇಡ. ಗಂಡನನ್ನು ಸಮುದ್ರಕ್ಕೆ ಕಳಿಸಿ ಬಾಗಿಲಲ್ಲಿ ಕಾದವಳು, ಮಗಳನ್ನು ಘಟ್ಟದ ಮೇಲೆ ಒಂಟಿಯಾಗಿ ಬಿಟ್ಟಿದ್ದಾಳೆ, ಅವಳು ಇನ್ನೇನು ಹೇಳಿಯಾಳು? ವಾದ ಬೇಡ, ಅವಳಿಗೊಂದು ಕೆಲಸ ಕೊಡು. ಫೋನ್ ಮಾಡಿ, ‘ಅಮ್ಮಾ, ನಮ್ಮ ಮೇಡಂ ಮಗನಿಗೆ ಹುಷಾರಿಲ್ಲ, ಸಂಜೆಯ ತೇರ್ಸಿನಲ್ಲಿ ಅವನ ಹೆಸರು ಹೇಳು’ ಅನ್ನು, ಮನೆಯ ಜಪಮಾಲೆ ಪ್ರಾರ್ಥನೆಯಲ್ಲಿ. ಊರ ಉಸಾಬರಿ ಬೇಡ ಎಂದವಳು ಮೂರು ದಿನಕ್ಕೆ ತಾನೇ ಫೋನ್ ಮಾಡಿ ಹುಡುಗನಿಗೆ ಹೇಗಿದೆ ಎಂದು ಕೇಳದಿದ್ದರೆ ನನ್ನ ಹೆಸರು ಬದಲಾಯಿಸು.

ಇನ್ನು ವಾಚನ. ಅದು ವಿಶ್ವಾಸದ ಪ್ರಶ್ನೆಯೇ ಅಲ್ಲ, ಗಂಟಲಿನ ಪ್ರಶ್ನೆ. ಮನೆಯಲ್ಲಿ ಕೊಂಕಣಿ ಆಡುವ ನಮಗೆ ಬೈಬಲಿನ ಕನ್ನಡ ಸ್ವಲ್ಪ ಕಡುಬಿನ ಹಾಗೆ, ಬಾಯಿಯಲ್ಲಿ ತುಂಬಿಕೊಳ್ಳುತ್ತದೆ. ನಾನು ಮೊದಲ ಸಲ ಓದಲು ನಿಂತಾಗ ನನಗೆ 19. ಸಂತ ಪೌಲನ ಪತ್ರದ ‘ಥೆಸಲೋನಿಕದವರಿಗೆ’ ಎಂಬಲ್ಲಿ ಮೂರು ಸಲ ಎಡವಿದೆ, ಪೀಠದ ಪಕ್ಕ ನಿಂತಿದ್ದ ಹುಡುಗ ನಕ್ಕ, ನನಗೂ ನಗು ಬಂತು, ಇಗರ್ಜಿಗೆ ಇಗರ್ಜಿಯೇ ನನ್ನನ್ನು ನೋಡುತ್ತಿತ್ತು. ಆಕಾಶವೇನೂ ಬೀಳಲಿಲ್ಲ. ಪಾಠ ಯಾವುದೆಂದು ಫಾದರ್ ಹತ್ತಿರ ಬುಧವಾರವೇ ಕೇಳಿಕೋ. ದಿನಕ್ಕೆರಡು ಸಲ ಗಟ್ಟಿಯಾಗಿ ಓದು, ಮನಸ್ಸಿನಲ್ಲಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಪೆನ್ಸಿಲ್ಲಿನಲ್ಲಿ ಗೀಟು ಹಾಕು. ಶನಿವಾರ ಇಗರ್ಜಿ ಖಾಲಿ ಇರುವಾಗ ಹೋಗಿ ಮೈಕಿನ ಮುಂದೆ ಒಮ್ಮೆ ನಿಂತು ಬಾ. ಬೇಕಿದ್ದರೆ ಮೊದಲ ಕೆಲವು ವಾರ ವಾರದ ದಿನಗಳ ಪೂಜೆಯಲ್ಲಿ ಓದು, ಹತ್ತಿಪ್ಪತ್ತು ಜನರ ಮುಂದೆ. ಅದೂ ಆಗದಿದ್ದರೆ ಬೇಡ ಎಂದು ನೇರವಾಗಿ ಹೇಳು. ತನಗೆ ಮಾತು ಬರುವುದಿಲ್ಲ ಎಂದ ಮೋಶೆಗೆ ದೇವರು ಅಣ್ಣ ಆರೋನನನ್ನು ಜೊತೆಗೆ ಕೊಟ್ಟರು. ಹೆದರಿಕೆ ಇರುವವರು ಮನೆಗೆ ಹೋಗಬಹುದು ಎಂದು ಯುದ್ಧಕ್ಕೆ ಹೊರಟ ನಾಯಕ ಗಿದ್ಯೋನ ತನ್ನ ಸೈನ್ಯಕ್ಕೆ ಸಾರಿದಾಗ 22,000 ಜನ ಎದ್ದು ಹೋದರು, ಅವರನ್ನು ಯಾರೂ ಹೀಯಾಳಿಸಿದ್ದು ಬರೆದಿಲ್ಲ. ಹೂ ಜೋಡಿಸುವವರೂ ಬೇಕು, ಬೆಂಚು ಒರೆಸುವವರೂ ಬೇಕು.

ಆದರೆ ಗಂಟಲು ಕಟ್ಟುವುದು, ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು ವಾರಗಟ್ಟಲೆ ನಡೆಯುತ್ತಿದ್ದರೆ ಪ್ರಾರ್ಥನೆಯ ಜೊತೆಗೆ ಡಾಕ್ಟರನ್ನೂ ನೋಡು. ಸರಕಾರದ ಟೆಲಿ-ಮನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೇಡಂ ಹತ್ತಿರ ಮಾತಾಡಿದ ಮೇಲೆ ಎರಡು ಸಾಲು ಬರೆ. ಅವರು ಏನಂದರು ಎಂದು ತಿಳಿಸು, ಹುಡುಗನ ಹೆಸರನ್ನೂ ಬರೆ, ಅಂಕಣದಲ್ಲಿ ಹಾಕುವುದಿಲ್ಲ. ಮತ್ತೆ, ಓದಲು ಒಪ್ಪಿಕೊಂಡರೆ ಆ ಭಾನುವಾರದ ಪಾಠ ಥೆಸಲೋನಿಕದವರದ್ದಾ ಎಂದು ಮೊದಲೇ ನೋಡಿಕೋ.