ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೇ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಒಂದು ಸೂಪರ್‌ಹೀರೋ ಕಾಮಿಕ್ಸ್ ಪುಸ್ತಕವನ್ನು ಎರಡು ಪುಟ ತುಂಬ ಹಳಿದಿದ್ದೀರಿ. ಸಂಗೀತವನ್ನು ನಿಷೇಧಿಸಿದ ಸರ್ವಾಧಿಕಾರಿಯನ್ನು ರಾಕ್ ಗಿಟಾರ್ ನುಡಿಸಿಯೇ ಸೋಲಿಸುವ ಹುಡುಗನ ಕಥೆ ಅದು. 13 ವರ್ಷದ ನನ್ನ ಮಗ ಅದನ್ನು ಮೂರು ಸಲ ಓದಿ ಖುಷಿಪಟ್ಟ. ಮಕ್ಕಳ ಪುಸ್ತಕದ ಮೇಲೆ ಇಷ್ಟೊಂದು ಕೋಪವೇಕೆ? ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತಾಯಿತು. ಹಿಡಿಸದಿದ್ದರೆ ಸುಮ್ಮನಿರಬಹುದಿತ್ತು.

ಸಂಪಾದಕರ ಉತ್ತರ: ನಿಮ್ಮ ಮಾತಿನಲ್ಲಿ ನ್ಯಾಯವಿಲ್ಲವೆನ್ನಲಾರೆ. ಕಾಮಿಕ್ಸ್ ಪುಸ್ತಕವೊಂದರ ಹಿಂದೆ ಕಥೆ ಬರೆದವರು, ಚಿತ್ರ ಬಿಡಿಸಿದವರು, ಬಣ್ಣ ತುಂಬಿದವರು, ಅಕ್ಷರ ಕೂರಿಸಿದವರು ಎಂದು ಹಲವರ ದುಡಿಮೆ ಇರುತ್ತದೆ. ಹಳಿಯುವ ಮುನ್ನ ಅದನ್ನು ನೆನೆಯಬೇಕು. ಆದರೆ ‘ಮಕ್ಕಳ ಪುಸ್ತಕ’ ಎಂಬುದನ್ನು ನೀವು ರಿಯಾಯಿತಿಯಂತೆ ಬಳಸಿರುವುದು ನನಗೆ ನೋವು ತಂದಿತು. ಮೂರು ಸಲ ಓದುವವನಿಗೆ ಕೊಡುವ ಪುಸ್ತಕದಲ್ಲಿ ಒಮ್ಮೆ ಓದಿ ಬದಿಗಿಡುವವನ ಪುಸ್ತಕಕ್ಕಿಂತ ಮೂರು ಪಟ್ಟು ಶ್ರದ್ಧೆ ಇರಬೇಡವೇ?

ಹದಿನಾಲ್ಕನೆಯ ಪುಟವನ್ನು ತೆರೆದು ನೋಡಿ. ನಾಯಕನ ಗಿಟಾರಿನ ತುದಿಯಲ್ಲಿ ಆರು ಬಿರಡೆಗಳಿವೆ. ತಂತಿಗಳು ಅವನ ಬೆರಳಿನ ಹತ್ತಿರ ಬರುವಷ್ಟರಲ್ಲಿ ಐದಾಗಿವೆ. ಅದು ಎಲೆಕ್ಟ್ರಿಕ್ ಗಿಟಾರ್, ಆದರೆ ಅದಕ್ಕೆ ವೈರ್ ಇಲ್ಲ, ಪುಟದಲ್ಲೆಲ್ಲೂ ಆಂಪ್ಲಿಫೈಯರ್ ಇಲ್ಲ. ಆಂಪ್ಲಿಫೈಯರ್ ಇಲ್ಲದ ಎಲೆಕ್ಟ್ರಿಕ್ ಗಿಟಾರಿನ ದನಿ ಒಂದು ಕೋಣೆಯನ್ನು ದಾಟುವುದೇ ಕಷ್ಟ. ಇಲ್ಲಿ ಅದು ಕೋಟೆಯ ಗೋಡೆಯನ್ನು ಉರುಳಿಸುತ್ತದೆ. ಅತಿಮಾನುಷ ಶಕ್ತಿಯ ಕಥೆಯಲ್ಲಿ ಗೋಡೆ ಉರುಳಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ತಾಯಿ ಸತ್ತಾಗ ನುಡಿಸಿದ ಹಾಡಿಗೂ ಗೆದ್ದಾಗ ನುಡಿಸಿದ ಹಾಡಿಗೂ ಒಂದೇ ಹಳದಿ ಮಿಂಚನ್ನು ಬಳಿದಿರುವ ಚಿತ್ರಕಾರ ಸಂಗೀತವನ್ನು ಕಿವಿಗೊಟ್ಟು ಕೇಳಿದ್ದಾನೆಂದು ಹೇಗೆ ನಂಬಲಿ?

ಇದಕ್ಕಿಂತ ದೊಡ್ಡ ದೋಷ ಆ ಸರ್ವಾಧಿಕಾರಿಯದು. ಅವನು ಸಂಗೀತವನ್ನು ಏಕೆ ನಿಷೇಧಿಸಿದನೆಂದು ಪುಸ್ತಕ ಹೇಳುವುದೇ ಇಲ್ಲ. ನಿಜವಾದ ನಿಷೇಧಗಳಿಗೆ ಯಾವಾಗಲೂ ಒಂದು ಕಾರಣ ಇರುತ್ತದೆ, ಬಹಳ ಸಲ ಅದು ಸಭ್ಯವಾದ ಕಾರಣವೇ ಆಗಿರುತ್ತದೆ. 1985ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ರಾಕ್ ಹಾಡುಗಳ ಸಾಹಿತ್ಯದ ವಿಚಾರಣೆ ನಡೆದಾಗ ದೂರು ತಂದವರು ಖಳರಲ್ಲ, ಮಕ್ಕಳ ಚಿಂತೆ ಹೊತ್ತ ತಾಯಂದಿರು. ಅವರೆದುರು ಸಂಗೀತಗಾರರಾದ ಫ್ರಾಂಕ್ ಜಪ್ಪಾ, ಡೀ ಸ್ನೈಡರ್, ಜಾನ್ ಡೆನ್ವರ್ ಬಂದು ಸಾಕ್ಷ್ಯ ನುಡಿದರು. ಕೊನೆಗೆ ಆಲ್ಬಮ್‌ಗಳ ಮೇಲೆ ಎಚ್ಚರಿಕೆಯ ಚೀಟಿ ಬಂತು.

ಅದಕ್ಕೂ ಮೂರು ದಶಕ ಮೊದಲೇ ಕಾಮಿಕ್ಸ್ ಇದೇ ಕಟಕಟೆಯಲ್ಲಿ ನಿಂತಿತ್ತು. 1954ರಲ್ಲಿ ಸೆನೆಟ್ಟಿನ ಉಪಸಮಿತಿ ಬಾಲಾಪರಾಧಕ್ಕೂ ಕಾಮಿಕ್ಸ್‌ಗೂ ನಂಟು ಹುಡುಕಿತು; ಹೆದರಿದ ಪ್ರಕಾಶಕರು ತಾವೇ ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿಯನ್ನು ಮಾಡಿಕೊಂಡರು. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಬಗ್ಗೆ ಅಗೌರವ ಹುಟ್ಟುವಂತೆ ಚಿತ್ರಿಸಬಾರದು, ಪ್ರತಿ ಸಲವೂ ಕೆಡುಕಿನ ಮೇಲೆ ಒಳಿತೇ ಗೆಲ್ಲಬೇಕು ಎಂದು ಅದರಲ್ಲಿ ಬರೆದಿತ್ತು. ಆ ಕೋಡಿನ ಕಾಲದಲ್ಲಿ ಪ್ರಕಾಶಕ ವಿಲಿಯಂ ಗೇನ್ಸ್ ವರ್ಣಭೇದವನ್ನು ಖಂಡಿಸುವ ಹಳೆಯ ಕಥೆಯೊಂದನ್ನು ಮರುಮುದ್ರಿಸಲು ಹೊರಟರು. ಕೊನೆಯ ಚೌಕದಲ್ಲಿ ಗಗನಯಾತ್ರಿ ಶಿರಸ್ತ್ರಾಣ ತೆಗೆಯುತ್ತಾನೆ. ಅವನು ಕಪ್ಪು ಮನುಷ್ಯ, ಮುಖದ ಬೆವರ ಹನಿಗಳು ನಕ್ಷತ್ರಗಳಂತೆ ಹೊಳೆಯುತ್ತಿವೆ. ಕೋಡಿನ ಅಧಿಕಾರಿ ಆ ಮುಖಕ್ಕೇ ಆಕ್ಷೇಪ ತೆಗೆದರು. ಗೇನ್ಸ್ ಜಗ್ಗಲಿಲ್ಲ, ಕಥೆ ಇದ್ದಂತೆಯೇ ಅಚ್ಚಾಯಿತು. ಒಂದು ಮುಖದ ಮೇಲಿನ ಬೆವರಿಗಾಗಿ ಹಟ ಹಿಡಿದ ಪರಂಪರೆ ಕಾಮಿಕ್ಸ್‌ಗೆ ಇರುವಾಗ, ಬಂಡಾಯದ ಬಗ್ಗೆ ಬರೆಯಹೊರಟವರು ತಮ್ಮ ಮನೆಯ ಅಟ್ಟವನ್ನೇ ಹತ್ತಿ ನೋಡಲಿಲ್ಲವಲ್ಲ ಎಂಬುದು ನನ್ನ ಕೊರಗು. ಅವರ ಸರ್ವಾಧಿಕಾರಿಯಿಂದ ಕೋಡಿನ ಆ ಅಧಿಕಾರಿಗೂ ತೊಂದರೆಯಾಗುತ್ತಿರಲಿಲ್ಲ, ಏಕೆಂದರೆ ಅವನು ಯಾವ ದೇಶದವನೂ ಅಲ್ಲ, ಯಾರನ್ನೂ ಹೋಲುವುದಿಲ್ಲ.

ಸಂಗೀತದ ಕಡೆಯಿಂದ ನೋಡಿದರೂ ಸರಕಿಗೆ ಬರವಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟದಲ್ಲಿ ನಿಷಿದ್ಧ ಹಾಡುಗಳನ್ನು ಆಸ್ಪತ್ರೆಗಳು ಬಿಸಾಡಿದ ಎಕ್ಸ್‌ರೇ ಹಾಳೆಗಳ ಮೇಲೆ ಕೊರೆದು ಗುಟ್ಟಾಗಿ ಮಾರುತ್ತಿದ್ದರು. ಹಾಳೆಯನ್ನು ಕತ್ತರಿಯಲ್ಲಿ ದುಂಡಗೆ ಕತ್ತರಿಸಿ, ನಡುವಿನ ತೂತನ್ನು ಸಿಗರೇಟಿನಿಂದ ಸುಟ್ಟು ಮಾಡುತ್ತಿದ್ದರು. ಬೆಳಕಿಗೆ ಹಿಡಿದರೆ ಯಾರದೋ ಪಕ್ಕೆಲುಬು ಕಾಣುತ್ತದೆ, ಗ್ರಾಮಫೋನಿನ ಮುಳ್ಳಿಟ್ಟರೆ ಹಾಡು ಕೇಳುತ್ತದೆ. ಯಾವ ಚಿತ್ರಕಾರನಿಗೆ ಇದಕ್ಕಿಂತ ಒಳ್ಳೆಯ ಚೌಕ ಬೇಕು? ಚೆಕೊಸ್ಲೊವಾಕಿಯಾದ ‘ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್’ ಎಂಬ ರಾಕ್ ತಂಡದವರು ಘೋಷಣೆ ಕೂಗಿದವರಲ್ಲ. ತಮಗೆ ಬೇಕಾದ ಹಾಡನ್ನು ಬೇಕಾದಂತೆ ನುಡಿಸಿದರು, ಅಷ್ಟೇ. 1976ರಲ್ಲಿ ಅವರನ್ನು ಬಂಧಿಸಿದರು. ಅವರ ವಿಚಾರಣೆಯನ್ನು ಕಂಡ ನಾಟಕಕಾರ ವಾಕ್ಲಾವ್ ಹಾವೆಲ್ ಮತ್ತು ಸಂಗಡಿಗರು ಮರುವರ್ಷದ ಆರಂಭದಲ್ಲೇ ಮಾನವ ಹಕ್ಕುಗಳಿಗಾಗಿ ಒತ್ತಾಯಿಸುವ ‘ಚಾರ್ಟರ್ 77’ ಎಂಬ ಮನವಿಪತ್ರವನ್ನು ಹೊರತಂದರು. ಅಲ್ಲಿ ಗಿಟಾರಿನಿಂದ ಮಿಂಚು ಹೊಮ್ಮಲಿಲ್ಲ, ಕಮ್ಯುನಿಸ್ಟ್ ಆಡಳಿತದ ಗೋಡೆ ಉರುಳಲು ಇನ್ನೂ ಹನ್ನೆರಡು ವರ್ಷ ಹಿಡಿಯಿತು.

ಸುಮ್ಮನಿರಬಹುದಿತ್ತು ಎಂದಿದ್ದೀರಿ. ವಿಮರ್ಶೆ ಬರೆಯತೊಡಗಿದ ಹೊಸತರಲ್ಲಿ ನಾನೂ ಹಾಗೆ ಮಾಡಿದ್ದೆ. ಒಂದು ಜಾಳು ಪುಸ್ತಕವನ್ನು ಮುಲಾಜಿಗೆ ಬಿದ್ದು ‘ಭರವಸೆಯ ಪ್ರಯತ್ನ’ ಎಂದು ಬರೆದೆ. ಅದನ್ನು ನಂಬಿ ಕೊಂಡ ಒಬ್ಬ ಹುಡುಗ ಕಾರ್ಡು ಬರೆದ: ‘ನೀವು ಪುಸ್ತಕವನ್ನು ಪೂರ್ತಿ ಓದಿದ್ದಿರಾ, ಸರ್?’ ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಈಗಲಂತೂ ಬೆನ್ನುಡಿಯನ್ನೇ ತಿರುಗಿಸಿ ಬರೆದದ್ದಕ್ಕೆ ವಿಮರ್ಶೆ ಎಂಬ ಹೆಸರು ಬಂದಿದೆ. ಈ ಪುಸ್ತಕಕ್ಕೂ ಅಂಥ ಹೊಗಳಿಕೆಗಳು ಬೇಕಾದಷ್ಟು ಬಂದವು. ಎಲ್ಲದರಲ್ಲೂ ‘ಬಂಡಾಯ’ ಎಂಬ ಪದವಿತ್ತು, ಒಂದರಲ್ಲೂ ಯಾರ ವಿರುದ್ಧ ಎಂಬ ಮಾತಿರಲಿಲ್ಲ. ಚರ್ಮದ ಜಾಕೆಟ್ ತೊಟ್ಟವನನ್ನೆಲ್ಲ ಬಂಡಾಯಗಾರನೆಂದು ಕರೆಯುತ್ತ ಹೋದರೆ ಜೈಲಿಗೆ ಹೋದವರನ್ನು ಏನೆಂದು ಕರೆಯೋಣ? ನಮ್ಮ ವಿಮರ್ಶಕರು ಆ ಪುಸ್ತಕವನ್ನು ಎರಡು ಸಲ ಓದಿ, ತಂತಿಗಳನ್ನು ಎಣಿಸಿ ಬರೆದಿದ್ದಾರೆ. ಅದು ಕೋಪವಲ್ಲ, ಪುಸ್ತಕಕ್ಕೆ ತೋರಿಸಿದ ಮರ್ಯಾದೆ.

ಮೂರು ಸಲ ಓದಿದ ನಿಮ್ಮ ಮಗನ ಮೇಲೆ ನನಗೆ ಬಹಳ ಭರವಸೆಯಿದೆ. ನಮ್ಮ ವಿಮರ್ಶೆಯನ್ನು ಅವನಿಗೆ ತೋರಿಸಬೇಡಿ. ಎಕ್ಸ್‌ರೇ ಹಾಳೆಯ ಕಥೆಯನ್ನಷ್ಟೇ ಹೇಳಿ, ಆಮೇಲೆ ಹದಿನಾಲ್ಕನೆಯ ಪುಟವನ್ನು ಅವನ ಮುಂದಿಡಿ. ಅವನು ಏನೆಂದನೆಂದು ಅವನ ಕೈಯಲ್ಲೇ ಬರೆಸಿ ಕಳುಹಿಸಿದರೆ, ನನ್ನನ್ನು ಬೈದಿದ್ದರೂ ಸರಿ, ಈ ಅಂಕಣದಲ್ಲೇ ಪ್ರಕಟಿಸುತ್ತೇನೆ.